ಸ್ಕಾಟ್ಲೆಂಡಿನ ಪಕ್ಷವನ್ನು ಹೊಗಳುವ ಮುನ್ನ ಅದರ ಬಟವಾಡೆಯನ್ನೂ ನೋಡಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಕನ್ನಡಿಗರದ್ದೇ ಆದ ಒಂದು ಪಕ್ಷ ಬೇಕು, ಅದು ಸ್ಕಾಟ್ಲೆಂಡಿನ ಎಸ್‌ಎನ್‌ಪಿ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ತರಹ ಇಪ್ಪತ್ತು ವರ್ಷ ಗಟ್ಟಿಯಾಗಿ ಕೂತು ಆಳಬೇಕು, ಆಗ ದಿಲ್ಲಿ ಮುಂದೆ ಕೈ ಚಾಚುವುದು ತಪ್ಪುತ್ತದೆ ಎಂದು. ಆಸೆ ಒಳ್ಳೆಯದೇ. ನನಗೂ ಇದೆ. ಆದರೆ ಆ ಪಕ್ಷ ಆಳುವ ನಾಡಿನಲ್ಲಿ ನಾನು ಮೂರು ತಿಂಗಳು ಇದ್ದು ಬಂದವನು. ಎರಡು ಮಾತು ಬರೆಯೋಣ ಅನ್ನಿಸಿತು. ಎರಡು ಅಂದರೂ ಜಾಸ್ತಿಯೇ ಆಗುತ್ತದೆ. ಜಾಗ ಸಾಲದಿದ್ದರೆ ಮಳೆಯ ವಿಷಯ ಕತ್ತರಿಸಿ, ಹಡಗಿನ ವಿಷಯ ಮಾತ್ರ ಬಿಡಬೇಡಿ.

ನಾನು ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದೆ. ಪೇಟೆಯವರಿಗೆ ರೈಟರ್ ಅಂದರೆ ಕತೆ ಬರೆಯುವವನು ಅನ್ನಿಸಬಹುದು. ನಾವು ಬರೆಯುವುದು ಚೆಕ್‌ರೋಲ್. ಯಾರು ಕೆಲಸಕ್ಕೆ ಬಂದರು, ಎಷ್ಟು ಕೆಜಿ ಹಣ್ಣು ಕೊಯ್ದರು, ಯಾರ ಮೇಲೆ ಎಷ್ಟು ಅಡ್ವಾನ್ಸ್ ಬಾಕಿ. ವಾರಕ್ಕೊಮ್ಮೆ ಬಟವಾಡೆ. ಧಣಿ ಇರುವುದು ಬೆಂಗಳೂರಿನಲ್ಲಿ. ಹಣ ಬರುವುದು ಅಲ್ಲಿಂದ, ಜನ ಜಗಳಕ್ಕೆ ಬರುವುದು ನಮ್ಮ ಮೇಜಿನ ಹತ್ತಿರ. ಸ್ಕಾಟ್ಲೆಂಡ್ ಸರ್ಕಾರದ ಪಾಡು ನೋಡಿದಾಗ ನನಗೆ ಮೊದಲು ನೆನಪಾದದ್ದು ಆ ಮೇಜೇ.

ನನ್ನ ಮಗಳು ಅಲ್ಲಿ ನರ್ಸ್. ಗ್ಲಾಸ್ಗೊ ನಗರದಿಂದ ಪಶ್ಚಿಮಕ್ಕೆ, ಕ್ಲೈಡ್ ನದಿ ಸಮುದ್ರ ಸೇರುವ ಕಡೆ ಗ್ರೀನಕ್ ಎಂಬ ಊರು. 2024ರ ಆಗಸ್ಟ್‌ನಲ್ಲಿ ಹೋದವನು ನವೆಂಬರ್ ಮೊದಲ ವಾರ ವಾಪಸ್ ಬಂದೆ. ಮಳೆ ನಮ್ಮ ಮಲೆನಾಡಿನದೇ, ಆದರೆ ಹುಯ್ಯುವುದಿಲ್ಲ, ದಿನವಿಡೀ ಸುಮ್ನೆ ಜಿನುಗುತ್ತದೆ. ನಮ್ಮ ಮಂಜರಾಬಾದ್ ಸೀಮೆಗೆ 1850ರ ದಶಕದಲ್ಲಿ ಕಾಫಿ ಮಾಡಲು ಬಂದ ಎಲಿಯಟ್ ದೊರೆಯೂ ಸ್ಕಾಟ್ಲೆಂಡಿನವನೇ. ಅವನಿಗೆ ಇಲ್ಲಿನ ಜೂನ್ ತಿಂಗಳು ಹೆಚ್ಚು ತ್ರಾಸ ಕೊಟ್ಟಿರಲಾರದು.

ಆ ಪಕ್ಷವನ್ನು 'ರಾಷ್ಟ್ರವಾದಿ' ಎನ್ನುತ್ತಾರೆ. ನಮ್ಮಲ್ಲಿ ಆ ಮಾತು ಕೇಳಿದರೆ ಬೇರೆಯೇ ಚಿತ್ರ ಬರುತ್ತದೆ, ಅಲ್ವಾ? ಅಲ್ಲಿ ರಾಷ್ಟ್ರ ಅಂದರೆ ಸ್ಕಾಟ್ಲೆಂಡ್. ಲಂಡನ್ನಿಂದ ಬಿಡಿಸಿಕೊಂಡು ಬೇರೆ ದೇಶ ಆಗಬೇಕು ಎನ್ನುವವರು. 55 ಲಕ್ಷ ಜನರ ನಾಡು, ಅಂದರೆ ಸುಮಾರು ಮೂರು ಹಾಸನ ಜಿಲ್ಲೆ. ಪಕ್ಷ ಹುಟ್ಟಿದ್ದು 1934ರಲ್ಲಿ. ಅಧಿಕಾರ ಸಿಕ್ಕಿದ್ದು 2007ರಲ್ಲಿ, ಅದೂ 129ರಲ್ಲಿ 47 ಸೀಟು ಗೆದ್ದು. ಅಂದಿನಿಂದ ಕುರ್ಚಿ ಬಿಟ್ಟಿಲ್ಲ. 2014ರ ಸೆಪ್ಟೆಂಬರ್ 18ರಂದು ಜನಮತ ಕೇಳಿದರು. ಬೇರೆ ದೇಶ ಬೇಡ ಅಂದವರು ನೂರಕ್ಕೆ 55, ಬೇಕು ಅಂದವರು 45. ಸೋತರೂ ಪಕ್ಷ ಇನ್ನೂ ಬೆಳೆಯಿತು. ಮರುವರ್ಷ ಲಂಡನ್ ಪಾರ್ಲಿಮೆಂಟಿಗೆ ಸ್ಕಾಟ್ಲೆಂಡಿನ 59 ಸೀಟಿನಲ್ಲಿ 56 ಗೆದ್ದಿತು. ಪತ್ರ ಬರೆದ ಮಹನೀಯರು ನೋಡಿದ್ದು ಈ ಅಂಕಿಯನ್ನು ಇರಬೇಕು. ನಾನು ಹೋಗುವ ಹಿಂದಿನ ತಿಂಗಳು, 2024ರ ಜುಲೈನಲ್ಲಿ, ಅದೇ ಪಕ್ಷ ಗೆದ್ದದ್ದು 9.

ಏನಾಯಿತು? ಹಣ ಒಂದೇ ಕಾರಣ ಅಲ್ಲ. ಹದಿನಾಲ್ಕು ತಿಂಗಳೊಳಗೆ ಪಕ್ಷ ಮೂವರು ಮುಖ್ಯಸ್ಥರನ್ನು ಕಂಡಿತು. ಪಕ್ಷದ ದೇಣಿಗೆ ಹಣದ ಬಗ್ಗೆ ಪೊಲೀಸ್ ತನಿಖೆ ನಡೆಯಿತು. 2019ರಲ್ಲಿ ಸುಮಾರು 1 ಲಕ್ಷ 25 ಸಾವಿರ ಇದ್ದ ಸದಸ್ಯರು 2023ರ ಫೆಬ್ರುವರಿಗೆ 72,186ಕ್ಕೆ ಇಳಿದಿದ್ದರು. ಆದರೆ ಬಸ್‌ಸ್ಟಾಪಿನಲ್ಲಿ, ಮಗಳ ಅಡುಗೆಮನೆಯಲ್ಲಿ ನಾನು ಕೇಳಿದ ಮಾತೆಲ್ಲ ಹಣದ್ದೇ.

ಕೊಟ್ಟದ್ದೂ ಕಮ್ಮಿ ಅಲ್ಲ, ಅದನ್ನು ಮೊದಲು ಹೇಳಬೇಕು. ಮಗಳು ಥೈರಾಯ್ಡ್ ಮಾತ್ರೆಗೆ ಒಂದು ಪೆನ್ನಿ ಕೊಡುವುದಿಲ್ಲ. 2011ರಿಂದ ವೈದ್ಯರು ಬರೆದ ಮಾತ್ರೆಗೆ ದುಡ್ಡಿಲ್ಲ. ಅಲ್ಲಿನ ಹುಡುಗರಿಗೆ ಅಲ್ಲೇ ಓದಿದರೆ ಯೂನಿವರ್ಸಿಟಿ ಫೀಸಿಲ್ಲ. ಮಗು ಹುಟ್ಟಿದರೆ ಬಟ್ಟೆ, ಹಾಸಿಗೆ ತುಂಬಿದ ಪೆಟ್ಟಿಗೆಯೊಂದು ಮನೆಗೇ ಬರುತ್ತದೆ. 22 ವರ್ಷದೊಳಗಿನವರಿಗೆ ಬಸ್ ಫ್ರೀ. ಏಳು ವರ್ಷದ ಮೊಮ್ಮಗಳು ಕಾರ್ಡ್ ತೋರಿಸಿ ಠೀವಿಯಿಂದ ಹೋಗಿ ಕೂರುತ್ತಿದ್ದಳು. 60 ದಾಟಿದವರಿಗೂ ಫ್ರೀ, ಆದರೆ ಅಲ್ಲಿಯ ನಿವಾಸಿ ಆಗಿರಬೇಕು. ಹಾಗಾಗಿ ಅಜ್ಜ ಟಿಕೆಟ್, ಮೊಮ್ಮಗಳು ಫ್ರೀ. ನಮ್ಮ ಶಕ್ತಿ ಯೋಜನೆಯಲ್ಲಿ ಹೆಂಡತಿ ಪಕ್ಕ ಕೂತು ನಾನೊಬ್ಬನೇ ಟಿಕೆಟ್ ತೆಗೆದುಕೊಳ್ಳುವುದು ರೂಢಿಯಾಗಿದ್ದರಿಂದ ಅಷ್ಟೇನೂ ಬೇಜಾರಾಗಲಿಲ್ಲ.

ಇದಕ್ಕೆಲ್ಲ ಹಣ ಎಲ್ಲಿಂದ? ದೊಡ್ಡ ಪಾಲು ಲಂಡನ್ನಿಂದ ಬರುತ್ತದೆ. ಇಂಗ್ಲೆಂಡಿನಲ್ಲಿ ಆಸ್ಪತ್ರೆ, ಶಾಲೆಗಳಿಗೆ ಖರ್ಚು ಏರಿದರೆ ಜನಸಂಖ್ಯೆಗೆ ತಕ್ಕಂತೆ ಇವರಿಗೂ ಏರುತ್ತದೆ. ಬಾರ್ನೆಟ್ ಸೂತ್ರ ಎಂದು ಅದರ ಹೆಸರು. ಉಳಿದದ್ದರಲ್ಲಿ ಮುಖ್ಯವಾದದ್ದು ಅವರೇ ದರ ನಿಗದಿ ಮಾಡುವ ಆದಾಯ ತೆರಿಗೆ. ದೊಡ್ಡ ಸಾಲ ಎತ್ತುವ ಅಧಿಕಾರ ಇಲ್ಲ. ವರ್ಷದ ಕೊನೆಗೆ ಲೆಕ್ಕ ಕೂಡಲೇಬೇಕು. ಹಾಗಾಗಿ ತೆರಿಗೆ ಏರಿಸಿದರು. ಮಗಳ ಸಂಬಳಕ್ಕೆ ಇಂಗ್ಲೆಂಡಿಗಿಂತ ಸ್ವಲ್ಪ ಜಾಸ್ತಿಯೇ ತೆರಿಗೆ ಬೀಳುತ್ತದೆ. ದೊಡ್ಡ ಸಂಬಳದವರಿಗೆ ಕಡೆಯ ಮೆಟ್ಟಿಲಲ್ಲಿ ನೂರಕ್ಕೆ 48. ಇನ್ನೊಂದು ಕಡೆ ಮನೆ ಕಂದಾಯವನ್ನು ಒಂಬತ್ತು ವರ್ಷ ಏರಿಸದೆ ನಿಲ್ಲಿಸಿಟ್ಟಿದ್ದರು. ಜನರಿಗೆ ಖುಷಿ. ನಗರಸಭೆಗಳು ಮಾತ್ರ ಸೊರಗಿದವು.

ಸೆಪ್ಟೆಂಬರ್ 3ರಂದು ಹಣಕಾಸು ಮಂತ್ರಿ ಶೋನಾ ರಾಬಿಸನ್ ಎದ್ದು ನಿಂತು 50 ಕೋಟಿ ಪೌಂಡ್‌ವರೆಗೆ ಖರ್ಚು ಕಡಿತ ಎಂದರು. ಟಿವಿಯಲ್ಲಿ ನೋಡಿದೆ. ಲಂಡನ್ ಹಣ ಕೊಡಲಿಲ್ಲ ಎಂದು ಅವರು, ನೀವೇ ಕೈಬಿಚ್ಚಿ ಖರ್ಚು ಮಾಡಿದಿರಿ ಎಂದು ಎದುರಿನವರು. ಆ ತಿಂಗಳ 27ಕ್ಕೆ ರೈಲಿನಲ್ಲಿ ದಟ್ಟಣೆ ಹೊತ್ತಿಗೆ ಹಾಕುವ ಹೆಚ್ಚಿನ ದರ ವಾಪಸ್ ಬಂತು. ವರ್ಷದಿಂದ ತೆಗೆದಿಟ್ಟಿದ್ದ ದರ ಅದು. ನನ್ನ ಅಳಿಯ ವಾರಕ್ಕೆ ಎರಡು ದಿನ ಎಡಿನ್‌ಬರೊಕ್ಕೆ ಕೆಲಸಕ್ಕೆ ಹೋಗುತ್ತಾನೆ. ಗ್ಲಾಸ್ಗೊದಿಂದ ಹೋಗಿ ಬರಲು 16.20 ಪೌಂಡ್ ಇದ್ದದ್ದು ಒಂದೇ ರಾತ್ರಿಯಲ್ಲಿ 31.40 ಆಯಿತು. ನಮ್ಮ ದುಡ್ಡಿನಲ್ಲಿ ಮೂರು ಸಾವಿರ ದಾಟಿತು. ಆ ರೈಲು ಕಂಪನಿ ಸರ್ಕಾರದ್ದೇ. 2025ರ ಸೆಪ್ಟೆಂಬರ್ 1ರಿಂದ ಆ ದರವನ್ನು ಮತ್ತೆ ತೆಗೆದಿದ್ದಾರೆ. 2026ರ ಮೇ 7ಕ್ಕೆ ಚುನಾವಣೆ. ಹೆಚ್ಚು ಹೇಳುವುದಿಲ್ಲ.

ಅದೇ ಸೆಪ್ಟೆಂಬರಿನಲ್ಲಿ ಇನ್ನೊಂದು ಮಾತು ಬಂತು. ಸಮುದ್ರದಲ್ಲಿ ಗಾಳಿಯಂತ್ರ ನೆಡಲು ಜಾಗ ಗುತ್ತಿಗೆ ಕೊಟ್ಟು ಸರ್ಕಾರ ಹಣ ಗಳಿಸಿತ್ತು. ಮುಂದಿನ ತಲೆಮಾರಿಗೆ ಉಪಯೋಗಕ್ಕೆ ಬರಲಿ ಎಂದಿದ್ದ ಗಂಟು. ಅದರಲ್ಲಿ 46 ಕೋಟಿ ಪೌಂಡ್‌ವರೆಗೆ ಈ ವರ್ಷದ ಖರ್ಚಿಗೇ ತೆಗೆಯುತ್ತೇವೆ ಎಂದರು. ನನಗೆ ತೋಟದಲ್ಲಿ ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಮರಗಳು ಕಣ್ಣ ಮುಂದೆ ಬಂದವು. 2001, 2002ರ ಸುಮಾರಿಗೆ ಕಾಫಿ ರೇಟು ನೆಲ ಕಚ್ಚಿದಾಗ ನಮ್ಮ ಧಣಿ ಮೂರು ಬ್ಲಾಕಿನ ಸಿಲ್ವರ್ ಓಕ್ ಕಡಿಸಿ ಬಟವಾಡೆ ಮಾಡಿದರು. ಕೂಲಿ ಕೊಡಲೇಬೇಕಿತ್ತು, ತಪ್ಪು ಅನ್ನಲಾರೆ. ಆದರೆ ಆ ಬ್ಲಾಕಿನಲ್ಲಿ ನೆರಳು ಕೂಡಿ ಬರಲು ಹನ್ನೆರಡು ವರ್ಷ ಹಿಡಿಯಿತು. ಸ್ಕಾಟ್ಲೆಂಡಿನವರಿಗೆ ಅದೃಷ್ಟ ಇತ್ತು. ಅಕ್ಟೋಬರ್ 30ರ ಲಂಡನ್ ಬಜೆಟ್ಟಿನಲ್ಲಿ ಹೆಚ್ಚು ಹಣ ಬಂತು, ಗಾಳಿಯಂತ್ರದ ಗಂಟು ಬಿಚ್ಚಬೇಕಾಗಲಿಲ್ಲ. ಉಳಿಸಿದ್ದು, ದಿನಾ ಬೈಯಿಸಿಕೊಳ್ಳುವ ಆ ಲಂಡನ್ನೇ.

ಈಗ ಹಡಗು. ಗ್ರೀನಕ್ ಪಕ್ಕದಲ್ಲೇ ಪೋರ್ಟ್ ಗ್ಲಾಸ್ಗೊ. ಅಲ್ಲಿ ನ್ಯೂವಾರ್ಕ್ ಎಂಬ ಹಳೇ ಕೋಟೆ, ಅದಕ್ಕೆ ಅಂಟಿಕೊಂಡ ಹಾಗೆ ಹಡಗು ಕಟ್ಟುವ ಅಂಗಳ. ಬೆಳಿಗ್ಗೆ ನಾನು ವಾಕಿಂಗ್ ಹೋಗುತ್ತಿದ್ದದ್ದು ಅಲ್ಲಿಗೇ. ದ್ವೀಪದ ಜನರಿಗಾಗಿ ಎರಡು ಹಡಗು ಕಟ್ಟಲು 2015ರಲ್ಲಿ 9.7 ಕೋಟಿ ಪೌಂಡಿಗೆ ಒಪ್ಪಂದ ಆಗಿತ್ತು. 2018ಕ್ಕೆ ಓಡಬೇಕಿತ್ತು. 2017ರ ನವೆಂಬರಿನಲ್ಲಿ ಮೊದಲ ಹಡಗನ್ನು ಆಗಿನ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ನೀರಿಗಿಳಿಸಿದರು. ಆಗ ಕೆಲವು ಕಿಟಕಿಗಳು ಬರೀ ಬಣ್ಣದಲ್ಲಿ ಬರೆದವಾಗಿದ್ದವು! ಗಾಜು ಇನ್ನೂ ಕೂರಿಸಿರಲಿಲ್ಲ. 2019ರಲ್ಲಿ ಕಾರ್ಖಾನೆ ದಿವಾಳಿ ಅಂಚಿಗೆ ಬಂತು, ಸರ್ಕಾರವೇ ವಹಿಸಿಕೊಂಡಿತು. ಖರ್ಚು ನಾಲ್ಕು ಪಟ್ಟಿನ ಹತ್ತಿರ ಹೋಯಿತು. ಮೊದಲ ಹಡಗು ಜನರನ್ನು ಹತ್ತಿಸಿಕೊಂಡದ್ದು 2025ರ ಜನವರಿಯಲ್ಲಿ. ಎರಡನೆಯದು, ಗ್ಲೆನ್ ರೋಸಾ, ನಾನು ದಿನಾ ನೋಡುತ್ತಿದ್ದದ್ದು. ಕೋಟೆಗಿಂತ ಎತ್ತರ. ಮೇಲೆ ನಾಲ್ಕೈದು ಜನ ವೆಲ್ಡಿಂಗ್ ಮಾಡುತ್ತಿದ್ದರು. ಅಲ್ಲಿ ನಾಯಿ ಸುತ್ತಾಡಿಸಲು ಬರುತ್ತಿದ್ದ ಒಬ್ಬ ಮುದುಕ, ಹಿಂದೆ ಅದೇ ನದಿ ದಂಡೆಯಲ್ಲಿ ಹಡಗು ಕಟ್ಟಿದವನಂತೆ, ನನಗೆ ಹೇಳಿದ: "ನಾನು ಪ್ರತಿ ಸಲವೂ ಅವರಿಗೇ ವೋಟು ಹಾಕಿದವನು. ಈ ಹಡಗಿಗೂ ಲಂಡನ್ ಕಾರಣ ಅಂದರೆ ನಾನೇನು ಮಾಡಲಿ?"

ನಗಬೇಡಿ. ನಮ್ಮ ಮನೆಯಿಂದ ಸ್ವಲ್ಪ ದೂರಕ್ಕೆ ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆ. 2012ರಲ್ಲಿ 8,323 ಕೋಟಿ ರೂಪಾಯಿ ಅಂದರು. ಎರಡೇ ವರ್ಷಕ್ಕೆ 12,912 ಕೋಟಿ ಆಯಿತು. ಈಗ 23,251 ಕೋಟಿ. 2024ರ ಸೆಪ್ಟೆಂಬರ್ 6, ಗೌರಿ ಹಬ್ಬದ ದಿನ ದೊಡ್ಡನಗರದಲ್ಲಿ ಗುಂಡಿ ಒತ್ತಿ ಬಾಗಿನ ಬಿಟ್ಟದ್ದನ್ನು ನಾನು ಗ್ರೀನಕ್‌ನಲ್ಲಿ ಕೂತು ಫೋನಿನಲ್ಲಿ ನೋಡಿದೆ. ನೀರು ಕೋಲಾರ ಮುಟ್ಟಬೇಕಾದದ್ದು. ಇನ್ನೂ ಮುಟ್ಟಿಲ್ಲ. ಆ ದಿನ ನನಗೆ ಬಣ್ಣದ ಕಿಟಕಿಗಳೇ ಕಣ್ಣಿಗೆ ಕಟ್ಟಿದವು.

ಹಾಗಾದರೆ ನಮಗೆ ದಿಲ್ಲಿ ಮೇಲೆ ಸಿಟ್ಟು ಬೇಡವೇ? ಬೇಕು. ಕೇಂದ್ರದ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ನೂರಕ್ಕೆ 4.713 ಇತ್ತು, 15ನೆಯದರಲ್ಲಿ 3.647ಕ್ಕೆ ಬಂತು. ಇದು ಸಣ್ಣ ಪೆಟ್ಟಲ್ಲ. 2024ರ ಫೆಬ್ರುವರಿಯಲ್ಲಿ ಸರ್ಕಾರವೇ ಹೋಗಿ ಜಂತರ್ ಮಂತರ್‌ನಲ್ಲಿ ಕೂತದ್ದು ಸುಮ್ನೆ ಅಲ್ಲ. ಅದರ ಜೊತೆಗೇ ಇನ್ನೊಂದು ಲೆಕ್ಕ ಇದೆ. 2025-26ನೇ ಸಾಲಿನ ರಾಜ್ಯ ಬಜೆಟ್ 4,09,549 ಕೋಟಿ, ಅದರಲ್ಲಿ ಐದು ಗ್ಯಾರಂಟಿಗೆ 51 ಸಾವಿರ ಕೋಟಿ. ನಮ್ಮ ಮನೆಗೂ ಗೃಹಲಕ್ಷ್ಮಿ ಬರುತ್ತದೆ, ಬೇಡ ಅನ್ನುವಷ್ಟು ದೊಡ್ಡವನು ನಾನಲ್ಲ. ಆದರೆ ಧಣಿ ಹಣ ಕಳಿಸಲಿಲ್ಲ ಎಂದು ಬೈಯುವ ರೈಟರ್, ಬಂದ ಹಣದ ಚೆಕ್‌ರೋಲ್ ತೋರಿಸು ಅಂದಾಗ ತಡವರಿಸಿದರೆ ಯಾವ ಕೂಲಿಯೂ ನಂಬುವುದಿಲ್ಲ. ಆ ಮೇಜಿನ ಹಿಂದೆ ಕೂತವನು ನಾನು, ಗೊತ್ತು.

ಈ ಒಂದು ವಿಷಯದಲ್ಲಿ ಮಾತ್ರ ಸ್ಕಾಟ್ಲೆಂಡಿನವರಿಗೆ ನಾನು ಕೈ ಮುಗಿಯುತ್ತೇನೆ. ಪ್ರತಿ ಆಗಸ್ಟಿನಲ್ಲಿ ಅಲ್ಲಿನ ಸರ್ಕಾರವೇ ಒಂದು ಲೆಕ್ಕದ ಪುಸ್ತಕ ಹೊರಡಿಸುತ್ತದೆ. ಗೆರ್ಸ್ ಎನ್ನುತ್ತಾರೆ. ಸ್ಕಾಟ್ಲೆಂಡಿನಿಂದ ಎಷ್ಟು ತೆರಿಗೆ ಎದ್ದಿತು, ಎಣ್ಣೆ ಬಾವಿಯಿಂದ ಎಷ್ಟು, ಅಲ್ಲಿಗೆ ಎಷ್ಟು ಖರ್ಚಾಯಿತು, ಎಲ್ಲವೂ ಒಂದೇ ಕಡೆ. 1992ರಲ್ಲಿ ಶುರು ಮಾಡಿದ್ದು ಲಂಡನ್ನಿನ ಕನ್ಸರ್ವೇಟಿವ್ ಸರ್ಕಾರ. ನಾನು ಹೋದ ತಿಂಗಳೇ ಬಂದ ಪುಸ್ತಕದಲ್ಲಿ 2023-24ರ ಕೊರತೆ 2,270 ಕೋಟಿ ಪೌಂಡ್ ಎಂದಿತ್ತು. ನಾಡಿನ ಒಟ್ಟು ಉತ್ಪನ್ನದ ನೂರಕ್ಕೆ 10.4. ಇಡೀ ಬ್ರಿಟನ್ನಿನದು 4.5. ಬೇರೆ ದೇಶ ಕೇಳುವ ಪಕ್ಷಕ್ಕೆ ಇದಕ್ಕಿಂತ ಮುಜುಗರದ ಅಂಕಿ ಇನ್ನೊಂದಿಲ್ಲ. ಇದು ಲಂಡನ್ ಕೆಳಗಿನ ಲೆಕ್ಕ, ನಾವೇ ಆದರೆ ಬೇರೆ ಇರುತ್ತದೆ ಎಂದು ಅವರು ವಾದ ಮಾಡುತ್ತಾರೆ. ಮಾಡಲಿ. ಆದರೆ ಪುಸ್ತಕ ನಿಲ್ಲಿಸಿಲ್ಲ. ಅಧಿಕಾರಕ್ಕೆ ಬಂದ ಮೇಲೂ ತಮ್ಮ ಕೈಯಾರೆ ಅಚ್ಚು ಹಾಕಿಸಿ, ತಾವೇ ಬೈಯಿಸಿಕೊಂಡಿದ್ದಾರೆ.

ನಮ್ಮಲ್ಲಿ ವೇದಿಕೆ ಮೇಲೆ ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರೆ. ನೂರು ರೂಪಾಯಿ ಕೊಟ್ಟರೆ ಇಷ್ಟೇ ವಾಪಸ್ ಎಂದು ಒಬ್ಬರು, ಅದು ಸುಳ್ಳು ಎಂದು ಇನ್ನೊಬ್ಬರು. ಬಾಳ್ಳುಪೇಟೆ ಸಂತೆಯಲ್ಲಿ ಕಾಳುಮೆಣಸಿಗೆ ಕೂಡ ಇದಕ್ಕಿಂತ ಗಟ್ಟಿ ರೇಟು ಇರುತ್ತದೆ. ಪತ್ರ ಬರೆದ ಮಹನೀಯರು ಕನ್ನಡದ ಪಕ್ಷ ಕಟ್ಟುವುದಾದರೆ ನಾನೂ ಚಂದಾ ಕೊಡುತ್ತೇನೆ, ಹಿಂದೆ ಬಂಗಾರಪ್ಪನವರು ಪಕ್ಷ ಕಟ್ಟಿದಾಗಲೂ ಹತ್ತು ರೂಪಾಯಿ ಕೊಟ್ಟಿದ್ದೆ. ಒಂದು ಷರತ್ತು. ಪ್ರಣಾಳಿಕೆಯ ಮೊದಲ ಪುಟದಲ್ಲೇ ಬರೆಯಲಿ: ಕರ್ನಾಟಕದಿಂದ ಹೋದದ್ದೆಷ್ಟು, ಬಂದದ್ದೆಷ್ಟು, ಇಲ್ಲಿ ನಾವು ಖರ್ಚು ಮಾಡಿದ್ದೆಷ್ಟು, ಯಾವ ಕಾಮಗಾರಿ ಎಷ್ಟಕ್ಕೆ ಶುರುವಾಗಿ ಎಷ್ಟಕ್ಕೆ ನಿಂತಿದೆ ಎಂದು ವರ್ಷಕ್ಕೊಂದು ಪುಸ್ತಕ ಕನ್ನಡದಲ್ಲಿ ಹೊರಡಿಸುತ್ತೇವೆ, ಅದು ನಮಗೆ ಮುಜುಗರ ತಂದರೂ ನಿಲ್ಲಿಸುವುದಿಲ್ಲ ಎಂದು.

ಮೊನ್ನೆ ಭಾನುವಾರ ಮಗಳು ಫೋನ್ ಮಾಡಿದ್ದಳು. ಅಲ್ಲಿ ಕಾನೂನು ಪ್ರಕಾರ ನೆಲೆಸಿದ ಹೊರದೇಶದವರಿಗೂ ಆ ಚುನಾವಣೆಯಲ್ಲಿ ವೋಟು ಇದೆ. ಮೇ ತಿಂಗಳಲ್ಲಿ ಯಾರಿಗೆ ಹಾಕುತ್ತೀ ಅಂದೆ. ಅವಳು ಹೇಳಲಿಲ್ಲ, ಈ ಸಲ ಅರೇಬಿಕಾ ಕೊಯ್ಲು ಎಲ್ಲಿಗೆ ಬಂತು ಅಂತ ಮಾತು ತಿರುಗಿಸಿದಳು. ಗ್ಲೆನ್ ರೋಸಾ ಹೊರಟಿತಾ ಅಂದೆ. ಇಲ್ಲಪ್ಪ, ಅಲ್ಲೇ ಇದೆ ಅಂದಳು.

ಇಂತಿ,
ಒಬ್ಬ ನಿವೃತ್ತ ತೋಟದ ರೈಟರ್
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ