ಜೀಲಾಂಗ್‌ನಿಂದ ಅಪ್ಪಯ್ಯನಿಗೆ

ಜೀಲಾಂಗ್, ಏಪ್ರಿಲ್ 27

ಅಪ್ಪಯ್ಯನಿಗೆ ನಮಸ್ಕಾರ.

ಇಲ್ಲಿ ಚಳಿ ಶುರುವಾಗಿದೆ. ಸಾರಿನ ಪುಡಿ ಮುಗಿಯುತ್ತಾ ಬಂತು. ಅಮ್ಮನಿಗೆ ಹೇಳಬೇಡಿ, ಈಗಲೇ ಪಾರ್ಸೆಲ್ ಕಟ್ಟಲು ಕೂತುಬಿಡುತ್ತಾಳೆ.

ಮೊನ್ನೆ 25ಕ್ಕೆ ಇಲ್ಲಿ ಆಸ್ಟ್ರೇಲಿಯಾದಲ್ಲಿ ಆನ್ಝಾಕ್ ದಿನ, ಯುದ್ಧದಲ್ಲಿ ಸತ್ತ ಸೈನಿಕರನ್ನು ನೆನೆಯುವ ದಿನ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ ಅವತ್ತೇ ಇವರ ಪಡೆ ಟರ್ಕಿಯ ಗಲ್ಲಿಪೋಲಿಯಲ್ಲಿ ಇಳಿದದ್ದು. ಬೆಳಗಿನ ಜಾವ ಕತ್ತಲಲ್ಲೇ ಜನ ಸೇರಿ, ಮಾತಿಲ್ಲದೆ ನಿಲ್ಲುತ್ತಾರೆ. ನಾನೂ ಹೋಗಿದ್ದೆ. ವಾಪಸು ಬರುವಾಗ ಆಫೀಸಿನ ಗೆಳೆಯ ಮೌಂಟ್ ಡನೀಡ್ ಸ್ಮಶಾನ ತೋರಿಸಿದ. ಅಲ್ಲಿ ಒಬ್ಬ ಬ್ಯಾಂಕ್ ಕ್ಲರ್ಕಿನ ಸಮಾಧಿ ಇದೆ ಅಂದ. ಕ್ಲರ್ಕ್ ಅಂದ ಕೂಡಲೇ ನೀವು ನೆನಪಾದಿರಿ. ಅದಕ್ಕೇ ಈ ಕಾಗದ.

ಹೆಸರು ರೂಪರ್ಟ್ ಮೂನ್. 1892ರಲ್ಲಿ ಬ್ಯಾಕಸ್ ಮಾರ್ಷ್ ಎಂಬ ಊರಲ್ಲಿ ಹುಟ್ಟಿದವರು. ನ್ಯಾಷನಲ್ ಬ್ಯಾಂಕ್ ಆಫ್ ಆಸ್ಟ್ರೇಲೇಷ್ಯಾದಲ್ಲಿ ಕ್ಲರ್ಕ್. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾದ ತಿಂಗಳೇ ಸೇನೆ ಸೇರಿದರು. ಏನಾಗಿ ಗೊತ್ತಾ? ಕುದುರೆ ದಳದಲ್ಲಿ ತುತ್ತೂರಿ ಊದುವವನಾಗಿ! ಗಲ್ಲಿಪೋಲಿ ನೋಡಿ, ಆಮೇಲೆ ಕಾಲ್ದಳದಲ್ಲಿ ಲೆಫ್ಟಿನೆಂಟ್ ಆಗಿ ಫ್ರಾನ್ಸಿಗೆ ಹೋದರು.

1917ರ ಮೇ 12, ಬುಲ್‌ಕೋರ್ ಎಂಬ ಹಳ್ಳಿ. ಇವರಿಗೆ 24 ವರ್ಷ. ಜರ್ಮನರ ಮೆಷಿನ್ ಗನ್ ಇಟ್ಟಿದ್ದ ಕಾಂಕ್ರೀಟ್ ಗೂಡನ್ನು ಹಿಡಿಯಬೇಕಿತ್ತು. ಅದಾದ ಮೇಲೆ ಅದರ ಹಿಂದಿನ ಕಂದಕವನ್ನೂ. ಮೊದಲ ಪೆಟ್ಟು ಬಿದ್ದರೂ ಹಿಂದಕ್ಕೆ ಬರಲಿಲ್ಲ. ಎರಡು, ಮೂರು ಬಿತ್ತು. ನಾಲ್ಕನೆಯದಕ್ಕೆ ದವಡೆಯೇ ಮುರಿಯಿತು. ಅಷ್ಟರಲ್ಲಿ ಇವರ ಕೆಲವೇ ಜನರಿಗೆ 180ಕ್ಕೂ ಜಾಸ್ತಿ ಜರ್ಮನರು ಸೆರೆ ಸಿಕ್ಕಿದ್ದರು. ಅದಕ್ಕೆ ವಿಕ್ಟೋರಿಯಾ ಕ್ರಾಸ್ ಕೊಟ್ಟರು, ನಮ್ಮ ಪರಮವೀರ ಚಕ್ರದ ಹಾಗೆ.

ನನಗೆ ಆಶ್ಚರ್ಯ ಆದದ್ದು ಆಮೇಲಿನದು. ಯುದ್ಧದಿಂದ ಬಂದು ಈ ಮನುಷ್ಯ ಮತ್ತೆ ಅದೇ ಬ್ಯಾಂಕಿಗೆ ಹೋದರು. ಯೋಚಿಸಿ ನೋಡಿ, ನೀವು ಹತ್ತು ಪೈಸೆ ಟ್ಯಾಲಿ ಆಗಲಿಲ್ಲ ಅಂತ ರಾತ್ರಿ ಒಂಬತ್ತಕ್ಕೆ ಮನೆಗೆ ಬರುತ್ತಿದ್ದಿರಲ್ಲ, ಅಂಥ ಕೆಲಸಕ್ಕೆ! ಮುಂದೆ ಇದೇ ಜೀಲಾಂಗಿನಲ್ಲಿ ಉಣ್ಣೆ ವ್ಯಾಪಾರದ ಕಂಪನಿ ಸೇರಿ ಮ್ಯಾನೇಜರ್ ಆದರು. 1986ರವರೆಗೆ ಬದುಕಿದ್ದರು. ಕೌಂಟರಿನಲ್ಲಿ ಸಾಲು ನಿಂತವರಿಗೆ ಎದುರಿಗೆ ಕೂತವರು ಯಾರು ಅಂತ ಗೊತ್ತಿತ್ತೋ ಇಲ್ಲವೋ.

ಅಲ್ಲಿ ನಿಂತಾಗ ನಿಮ್ಮ ಬ್ರಾಂಚಿನ ಮಿಲಿಟರಿ ಮಾಮ ನೆನಪಾದರು. ಸೈನ್ಯದಿಂದ ರಿಟೈರ್ ಆಗಿ ಬಂದು ಕ್ಲರ್ಕ್ ಆಗಿದ್ದವರು. ನಾನು ಬಂದರೆ ಡ್ರಾಯರಿನಿಂದ ಪೆಪ್ಪರ್‌ಮಿಂಟ್ ತೆಗೆದು ಕೊಡುತ್ತಿದ್ದರು. ಹಿತ್ತಾಳೆ ಟೋಕನ್ ಹಿಡಿದು ಆಡಿದರೆ ಮಾತ್ರ ಗದರುತ್ತಿದ್ದರು. 1971ರಲ್ಲಿ ಅವರು ಗಡಿಯಲ್ಲಿದ್ದರು ಅಂತ ನೀವೊಮ್ಮೆ ಹೇಳಿದ್ದಿರಿ. ಅಷ್ಟು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತಿದ್ದಿರಲ್ಲ ಅಪ್ಪಯ್ಯ, ಅವರು ಅದರ ಬಗ್ಗೆ ಏನಾದರೂ ಹೇಳಿದ್ದುಂಟಾ? ನೀವು ಕೇಳಿದ್ದುಂಟಾ? ಈಗ ಎಲ್ಲಿದ್ದಾರೆ? ಭಾನುವಾರ ಫೋನ್ ಮಾಡುತ್ತೇನೆ, ಅವರ ಊರು ಯಾವುದು ಅಂತ ಅಮ್ಮನ ಹತ್ತಿರವೂ ಕೇಳಿಡಿ.

ನಿಮ್ಮ ಮಗ