ಕದ್ದದ್ದಲ್ಲ, ದರ ಕುದುರದ್ದು

ಮಾನ್ಯ ಸಂಪಾದಕರೇ,

ಮೊಬೈಲ್, ವೈಫೈ ರೂಟರ್, ಟಿವಿ, ಸ್ಮಾರ್ಟ್ ವಾಚ್ ಇಂಥ ಸಾಧನಗಳ ವೈರ್‌ಲೆಸ್ ತಂತ್ರಜ್ಞಾನದ ಮೇಲೆ ಪೇಟೆಂಟ್ ದಾವೆ ಬಿದ್ದಾಗಲೆಲ್ಲ ಪತ್ರಿಕೆಗಳಲ್ಲಿ ಬರುವ ಶೀರ್ಷಿಕೆ ಹೆಚ್ಚುಕಡಿಮೆ ಒಂದೇ: ‘ತಂತ್ರಜ್ಞಾನ ಕದ್ದ ಆರೋಪ, ಇಷ್ಟು ಕೋಟಿ ಪರಿಹಾರಕ್ಕೆ ಮೊಕದ್ದಮೆ’. ಈ ವ್ಯಾಜ್ಯಗಳಲ್ಲಿ ಬಹುಪಾಲು ಕಳ್ಳತನದವಲ್ಲ, ದರದವು. ಇದನ್ನು ಕಳ್ಳತನದ ಕಥೆಯಾಗಿ ಓದಿದವರಿಗೆ ತಾವು ಕೊಳ್ಳುವ ಸಾಧನದ ಬೆಲೆಯಲ್ಲಿ ಯಾವ ಪಾಲು ಯಾರಿಗೆ ಹೋಗುತ್ತದೆ, ಅದು ಸರಿಯೇ ಎಂಬ ಪ್ರಶ್ನೆ ಹೊಳೆಯುವುದೇ ಇಲ್ಲ.

ಮೊದಲು ಒಂದು ಪದದ ಗೊಂದಲ ಬಿಡಿಸಬೇಕು. ಪೇಟೆಂಟ್ ಸುದ್ದಿಗೂ ಕಾಪಿರೈಟ್ ಸುದ್ದಿಗೂ ಕನ್ನಡದಲ್ಲಿ ‘ಹಕ್ಕುಸ್ವಾಮ್ಯ’ ಎಂದೇ ಬರೆಯುವ ರೂಢಿ ಬೆಳೆದಿದೆ. ಎರಡೂ ಬೇರೆ. ಇನ್ನೊಬ್ಬರ ಕೃತಿ ನೋಡದೆ ತನ್ನಷ್ಟಕ್ಕೆ ತಾನೇ ಬರೆದದ್ದು ಕಾಕತಾಳೀಯವಾಗಿ ಹೋಲಿದರೆ ಕಾಪಿರೈಟ್ ಉಲ್ಲಂಘನೆ ಆಗುವುದಿಲ್ಲ. ಪೇಟೆಂಟ್‌ನಲ್ಲಿ ಈ ರಿಯಾಯಿತಿ ಇಲ್ಲ. ನಕಲು ಮಾಡದಿದ್ದರೂ, ಆ ಪೇಟೆಂಟ್ ಇದೆಯೆಂದು ಗೊತ್ತೇ ಇಲ್ಲದಿದ್ದರೂ, ನಿಮ್ಮ ಸಾಧನ ಆ ಕೆಲಸ ಮಾಡಿದರೆ ಉಲ್ಲಂಘನೆಯೇ. ಹಾಗಾಗಿ ‘ಉಲ್ಲಂಘನೆ ಸಾಬೀತಾಯಿತು’ ಎಂದರೆ ‘ಕದ್ದದ್ದು ಸಾಬೀತಾಯಿತು’ ಎಂದಲ್ಲ.

ವೈರ್‌ಲೆಸ್‌ನಲ್ಲಂತೂ ಇದು ಇನ್ನೂ ಸ್ಪಷ್ಟ. ವೈಫೈ ಎಂದು ಕರೆಸಿಕೊಳ್ಳಬೇಕಾದರೆ ಸಾಧನ ಎಂಜಿನಿಯರುಗಳ ಸಂಸ್ಥೆ ಐಇಇಇ ಬರೆದ 802.11 ಸ್ಟ್ಯಾಂಡರ್ಡ್ (ಎಲ್ಲ ತಯಾರಕರಿಗೂ ಒಂದೇ ಆದ ತಾಂತ್ರಿಕ ನಿಯಮಾವಳಿ) ಪಾಲಿಸಲೇಬೇಕು. 4ಜಿ, 5ಜಿ ಫೋನು ಮೊಬೈಲ್ ಜಾಲದ ಸ್ಟ್ಯಾಂಡರ್ಡ್ ರೂಪಿಸುವ ಒಕ್ಕೂಟ 3ಜಿಪಿಪಿ ಬರೆದ ನಿಯಮಗಳಂತೆ ನಡೆಯಲೇಬೇಕು. ಇಲ್ಲದಿದ್ದರೆ ಎದುರಿನ ರೂಟರ್ ಆಗಲಿ ಟವರ್ ಆಗಲಿ ಅದರ ಮಾತು ಕೇಳಿಸಿಕೊಳ್ಳುವುದಿಲ್ಲ. ಆ ಸ್ಟ್ಯಾಂಡರ್ಡ್ ಪಾಲಿಸಲು ಬಿಟ್ಟಿರಲಾಗದ ಪೇಟೆಂಟ್‌ಗಳನ್ನು ‘ಅತ್ಯಗತ್ಯ ಪೇಟೆಂಟ್’ ಎನ್ನುತ್ತಾರೆ. ಅವುಗಳ ಒಡೆಯರು ಸ್ಟ್ಯಾಂಡರ್ಡ್ ಬರೆಯುವ ಹೊತ್ತಿನಲ್ಲೇ ಒಂದು ಮಾತು ಕೊಟ್ಟಿರುತ್ತಾರೆ: ನ್ಯಾಯವಾದ, ಸಮಂಜಸವಾದ, ತಾರತಮ್ಯವಿಲ್ಲದ ಷರತ್ತಿನ ಮೇಲೆ ಎಲ್ಲರಿಗೂ ಲೈಸೆನ್ಸ್ ಕೊಡುತ್ತೇವೆ ಎಂದು. ವಕೀಲರ ಬಾಯಲ್ಲಿ ಇದು ‘ಫ್ರ್ಯಾಂಡ್’. ಬಳಸಲೇಬೇಕು, ಕೊಡಲೇಬೇಕು ಎಂದು ಎರಡೂ ಕಡೆ ಕೈ ಕಟ್ಟಿದ ಮೇಲೆ ಜಗಳಕ್ಕೆ ಮುಖ್ಯವಾಗಿ ಉಳಿಯುವುದು ಎಷ್ಟು ಎಂಬ ಮಾತು. ‘ಎಷ್ಟು’ ಎನ್ನುವುದು ‘ಯಾವುದರ ಮೇಲೆ’ ಎನ್ನುವುದಕ್ಕೆ ಜೋತುಬಿದ್ದಿದೆ. ಇಡೀ ಸಾಧನದ ಬೆಲೆಯ ಮೇಲೋ, ಅದರೊಳಗಿನ ಚಿಪ್‌ನ ಮೇಲೋ? ಸುದ್ದಿಗಳಲ್ಲಿ ಬಿಟ್ಟುಹೋಗುವುದು ಇದೇ.

ಮೈಕ್ರೋಸಾಫ್ಟ್ ಮತ್ತು ಮೊಟೊರೊಲಾ ವ್ಯಾಜ್ಯ ನೋಡಿ. ಮೈಕ್ರೋಸಾಫ್ಟ್‌ನ ಗೇಮಿಂಗ್ ಸಾಧನ ಎಕ್ಸ್‌ಬಾಕ್ಸ್‌ನಲ್ಲಿ ಬಳಸಿದ ತನ್ನ ವೈಫೈ ಪೇಟೆಂಟ್‌ಗಳಿಗೆ ಮೊಟೊರೊಲಾ ಕೇಳಿದ್ದು ಸಾಧನದ ಮಾರಾಟ ಬೆಲೆಯ 2.25%. ಬೆಲೆ 200 ಡಾಲರ್ ಎಂದು ಹಿಡಿದರೆ ತಲಾ 4.50 ಡಾಲರ್. 2013ರ ಏಪ್ರಿಲ್‌ನಲ್ಲಿ ಸಿಯಾಟಲ್‌ನ ನ್ಯಾಯಾಧೀಶ ಜೇಮ್ಸ್ ರೋಬಾರ್ಟ್ ನಿಗದಿ ಮಾಡಿದ್ದು 3.471 ಸೆಂಟ್, ಡಾಲರ್ ಅಲ್ಲ, ಸೆಂಟ್. ಸಮಂಜಸ ದರ 0.8 ಸೆಂಟ್‌ನಿಂದ 19.5 ಸೆಂಟ್‌ವರೆಗೆ ಇರಬಹುದು ಎಂದೂ ಅವರು ಹೇಳಿದರು. ಪೇಟೆಂಟ್ ಅವೇ, ಸಾಧನ ಅದೇ. ಲೆಕ್ಕ ಹಾಕುವ ಬಗೆ ಬದಲಾದದ್ದಕ್ಕೆ ಮೊತ್ತ ನೂರಕ್ಕೂ ಹೆಚ್ಚು ಪಟ್ಟು ಇಳಿಯಿತು.

ಲೆಕ್ಕ ಇನ್ನೂ ಹತ್ತಿರದಿಂದ ಕಾಣಬೇಕಾದರೆ ಇನ್ನೊವೇಶಿಯೊ ಪ್ರಕರಣವಿದೆ. ವೈಫೈ ಪೇಟೆಂಟ್‌ಗಳನ್ನು ಹೊಂದಿದ್ದ ಈ ಕಂಪನಿ ರೂಟರ್ ತಯಾರಕರನ್ನು ಬಿಟ್ಟು, ಗಿರಾಕಿಗಳಿಗೆ ವೈಫೈ ಕೊಡುತ್ತಿದ್ದ ಕಾಫಿ ಅಂಗಡಿ, ಹೋಟೆಲ್, ರೆಸ್ಟೋರೆಂಟ್‌ಗಳ ಬೆನ್ನು ಹತ್ತಿತ್ತು. ಕೋರ್ಟಿನಲ್ಲಿ ಅದು ಮುಂದಿಟ್ಟ ಲೆಕ್ಕದಂತೆ ಒಂದು ಆಕ್ಸೆಸ್ ಪಾಯಿಂಟ್‌ಗೆ (ವೈಫೈ ಸಂಕೇತ ಹರಡುವ ಪೆಟ್ಟಿಗೆ) ಸುಮಾರು 3.39 ಡಾಲರ್, ಲ್ಯಾಪ್‌ಟಾಪ್‌ಗೆ 4.72, ಟ್ಯಾಬ್ಲೆಟ್‌ಗೆ 16.17 ಡಾಲರ್‌ವರೆಗೆ. ಎಲ್ಲದರ ಒಳಗೂ ಇರುವ ವೈಫೈ ಚಿಪ್ ಮಾಡುವ ಕೆಲಸ ಒಂದೇ ಎಂಬುದನ್ನು ಗಮನಿಸಿ. 2013ರ ಅಕ್ಟೋಬರ್‌ನಲ್ಲಿ ಷಿಕಾಗೊದ ನ್ಯಾಯಾಧೀಶ ಜೇಮ್ಸ್ ಹೋಲ್ಡರ್‌ಮನ್ ಚಿಪ್‌ನಿಂದಲೇ ಲೆಕ್ಕ ಹಿಡಿದರು. ಚಿಪ್‌ನ ಸರಾಸರಿ ಬೆಲೆ 14.85 ಡಾಲರ್, ಅದರಲ್ಲಿ ತಯಾರಕರ ಲಾಭ 12.1%, ಅಂದರೆ ಸುಮಾರು 1.80 ಡಾಲರ್. ರಾಯಲ್ಟಿ, ಅಂದರೆ ಪೇಟೆಂಟ್ ಬಳಕೆಗೆ ಕೊಡುವ ಹಣ, ಎಲ್ಲವೂ ಹುಟ್ಟಬೇಕಾದ್ದು ಈ 1.80ರಿಂದಲೇ. ವೈಫೈಗೆ ಅತ್ಯಗತ್ಯವಾದ ಪೇಟೆಂಟ್‌ಗಳು ಸುಮಾರು 3,000. ಅವುಗಳಲ್ಲಿ ಮೇಲಿನ 10%, ಅಂದರೆ 300 ಪೇಟೆಂಟ್‌ಗಳು ಒಟ್ಟು ಮೌಲ್ಯದ 84% ಹೊರುತ್ತವೆ ಎಂದು ತಜ್ಞರ ಅಧ್ಯಯನದ ಆಧಾರದ ಮೇಲೆ ಒಪ್ಪಿಕೊಂಡರು. ಇನ್ನೊವೇಶಿಯೊದ 19 ಪೇಟೆಂಟ್‌ಗಳನ್ನು ಆ 300ರಲ್ಲಿ ಸೇರಿಸಿದರು. 1.80ರ 84%, ಅದರಲ್ಲಿ 300ಕ್ಕೆ 19 ಪಾಲು: ಚಿಪ್ ಒಂದಕ್ಕೆ 9.56 ಸೆಂಟ್. ಲೆಕ್ಕದ ಒಂದೊಂದು ಮೆಟ್ಟಿಲಿನ ಬಗ್ಗೆಯೂ ತಕರಾರು ಎತ್ತಬಹುದು, ಎತ್ತಿದವರೂ ಇದ್ದಾರೆ. ಆದರೆ ಎಲ್ಲಿ ತಕರಾರು ಎತ್ತಬೇಕು ಎಂಬುದಾದರೂ ಓದಿದವರಿಗೆ ಗೊತ್ತಾಗುತ್ತದೆ. ‘ಶತಕೋಟಿ ಡಾಲರ್ ದಾವೆ’ ಎಂದು ಬರೆದರೆ ಅಷ್ಟೂ ಗೊತ್ತಾಗುವುದಿಲ್ಲ.

ಈ ತೀರ್ಪುಗಳನ್ನು ನೋಡಿ ಪೇಟೆಂಟ್ ಹಿಡಿದು ಬಂದವರೆಲ್ಲ ಸುಲಿಗೆಕೋರರು ಎನ್ನುವುದೂ ಅನ್ಯಾಯ. ಕೋಣೆಯೊಳಗೆ ರೇಡಿಯೊ ಸಂಕೇತ ಗೋಡೆಗೆ, ಮೇಜಿಗೆ ಬಡಿದು ಹಲವು ಪ್ರತಿಧ್ವನಿಗಳಾಗಿ ಹಿಂದುಮುಂದಾಗಿ ಬರುತ್ತದೆ. ವೇಗ ಹೆಚ್ಚಿಸಿದಷ್ಟೂ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ ಆಗುತ್ತದೆ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದಲ್ಲಿ ಜಾನ್ ಒ’ಸಲಿವನ್ ಮತ್ತು ಸಂಗಡಿಗರು ಇದಕ್ಕೆ ಕಂಡುಕೊಂಡ ಪರಿಹಾರಕ್ಕೆ 1996ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಕಂಪನಿಗಳು ವರ್ಷಗಟ್ಟಲೆ ಕಾಸು ಬಿಚ್ಚಲಿಲ್ಲ. ದಾವೆ ಹೂಡಿದ ಮೇಲೆಯೇ ಸಂಸ್ಥೆಗೆ ಒಟ್ಟು 40 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು ಬಂದದ್ದು. ಅದು ಸಲ್ಲಬೇಕಾದ ಹಣವೇ. ಆದರೂ ನೆಟ್‌ವರ್ಕ್ ಸಾಧನಗಳ ಕಂಪನಿ ಸಿಸ್ಕೊ ವಿರುದ್ಧದ ಅದರ ದಾವೆಯಲ್ಲಿ 2015ರ ಡಿಸೆಂಬರ್‌ನಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಒಂದು ಗೆರೆ ಎಳೆಯಿತು. ಆವಿಷ್ಕಾರದ ಮೌಲ್ಯ ಬೇರೆ, ಅದು ಸ್ಟ್ಯಾಂಡರ್ಡ್‌ಗೆ ಸೇರಿದ್ದರಿಂದ ಬಂದ ಮೌಲ್ಯ ಬೇರೆ. ರಾಯಲ್ಟಿ ಸಲ್ಲುವುದು ಮೊದಲನೆಯದಕ್ಕೆ ಮಾತ್ರ. ಜಗತ್ತೆಲ್ಲ ಒಂದೇ ಸ್ಟ್ಯಾಂಡರ್ಡ್ ಒಪ್ಪಿಕೊಂಡದ್ದರ ಲಾಭ ಒಬ್ಬ ಪೇಟೆಂಟ್‌ದಾರನ ಸಂಪಾದನೆ ಅಲ್ಲ ಎಂಬ ಈ ವಿವೇಕ ನನಗೆ ಬಹಳ ಮುಖ್ಯವೆನಿಸುತ್ತದೆ.

ಇನ್ನೊಂದು ಕೊರತೆ, ಸುದ್ದಿಯ ಬೆನ್ನು ಹತ್ತದಿರುವುದು. ವೈಫೈನಲ್ಲಿ ದೋಷ ತಿದ್ದುವ ಸಂಕೇತಗಳ ಪೇಟೆಂಟ್ ಬಗ್ಗೆ ಅಮೆರಿಕದ ವಿಶ್ವವಿದ್ಯಾಲಯ ಕ್ಯಾಲ್‌ಟೆಕ್ ಹೂಡಿದ್ದ ದಾವೆಯಲ್ಲಿ 2020ರ ಜನವರಿಯಲ್ಲಿ ಜ್ಯೂರಿ ಆಪಲ್ ಮತ್ತು ಚಿಪ್ ಕಂಪನಿ ಬ್ರಾಡ್‌ಕಾಮ್ ಸೇರಿ 110 ಕೋಟಿ ಡಾಲರ್ ಕೊಡಬೇಕೆಂದಿತು. ದೊಡ್ಡ ಸುದ್ದಿಯಾಯಿತು. ಆ ಲೆಕ್ಕದಲ್ಲಿ ಬ್ರಾಡ್‌ಕಾಮ್‌ಗೆ ಚಿಪ್ ಒಂದಕ್ಕೆ 26 ಸೆಂಟ್, ಆಪಲ್‌ಗೆ ಸಾಧನ ಒಂದಕ್ಕೆ 1.40 ಡಾಲರ್. ಆಪಲ್ ಸಾಧನದಲ್ಲಿದ್ದದ್ದೂ ಬ್ರಾಡ್‌ಕಾಮ್‌ನ ಅದೇ ಚಿಪ್! ಒಂದೇ ಚಿಪ್‌ಗೆ ಎರಡು ಅಂತಸ್ತಿನ ದರಕ್ಕೆ ಆಧಾರವಿಲ್ಲ ಎಂದು 2022ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಆ ಪರಿಹಾರವನ್ನು ರದ್ದು ಮಾಡಿತು. ಮೊದಲ ಸುದ್ದಿ ಓದಿದವರಲ್ಲಿ ಎಷ್ಟು ಮಂದಿಗೆ ಎರಡನೆಯದು ತಲುಪಿತು?

ಈಗ ಸಾಧನ ತಯಾರಿಸುವ, ಆಮದು ಮಾಡಿಕೊಂಡು ಮಾರುವ ಸಣ್ಣ ಉದ್ದಿಮೆದಾರರ ಕಡೆಗೆ ಬರುತ್ತೇನೆ. ಇವರಿಗೆ ನೋಟಿಸ್ ಬಂದಾಗ ಸಾಮಾನ್ಯವಾಗಿ ಆಗುವ ತಪ್ಪು ಎರಡೇ: ಹೆದರಿ ಸಹಿ ಹಾಕುವುದು, ಇಲ್ಲವೇ ಮೂಲೆಗೆಸೆದು ಸುಮ್ಮನಿರುವುದು. ಎರಡನೆಯದು ಹೆಚ್ಚು ದುಬಾರಿ. ಅಮೆರಿಕದಲ್ಲಿ ಗೊತ್ತಿದ್ದೂ ಉಲ್ಲಂಘಿಸಿದ್ದಾರೆಂದು ಕಂಡರೆ ಕೋರ್ಟು ಪರಿಹಾರವನ್ನು ಮೂರು ಪಟ್ಟಿನವರೆಗೆ ಏರಿಸಬಹುದು, ಆ ‘ಗೊತ್ತಿತ್ತು’ ಎನ್ನುವುದಕ್ಕೆ ನೋಟಿಸೇ ಸಾಕ್ಷಿ. ಯುರೋಪಿನಲ್ಲಿ 2015ರ ಜುಲೈ 16ರ ಹುವಾವೆ–ಝಡ್‌ಟಿಇ ತೀರ್ಪಿನ ಪ್ರಕಾರ ಇದಕ್ಕೊಂದು ಸರದಿ ಇದೆ. ಪೇಟೆಂಟ್‌ದಾರ ಯಾವ ಪೇಟೆಂಟ್, ಹೇಗೆ ಉಲ್ಲಂಘನೆ ಎಂದು ತಿಳಿಸಬೇಕು; ಎದುರಿನವರು ಲೈಸೆನ್ಸ್ ಪಡೆಯಲು ಸಿದ್ಧ ಎನ್ನಬೇಕು; ಆಮೇಲೆ ದರವನ್ನೂ ದರ ಕಟ್ಟಿದ ಬಗೆಯನ್ನೂ ಲಿಖಿತವಾಗಿ ಮುಂದಿಡಬೇಕಾದದ್ದು ಪೇಟೆಂಟ್‌ದಾರನೇ; ಒಪ್ಪಿಗೆಯಾಗದಿದ್ದರೆ ಎದುರಿನವರು ತಡಮಾಡದೆ ತಮ್ಮ ದರ ಹೇಳಬೇಕು, ಅದೂ ತಿರಸ್ಕೃತವಾದರೆ ಹಣದ ಭದ್ರತೆ ಇಡಬೇಕು. ಈ ಸರದಿಯಲ್ಲಿ ಕಾಲಹರಣ ಮಾಡಿದವರ ಮೇಲೆ ಮಾರಾಟಕ್ಕೆ ತಡೆಯಾಜ್ಞೆ ಬೀಳುವ ಸಂಭವ ಹೆಚ್ಚು.

ಹಾಗಾದರೆ ನೋಟಿಸ್‌ಗೆ ಕೊಡುವ ಉತ್ತರದಲ್ಲಿ ಏನು ಕೇಳಬೇಕು? ಮೊದಲಿಗೆ ಕ್ಲೇಮ್ ಚಾರ್ಟ್. ಪೇಟೆಂಟ್‌ನ ಕೊನೆಯಲ್ಲಿ ಸಂಖ್ಯೆ ಹಾಕಿ ಬರೆದ ವಾಕ್ಯಗಳೇ ಕ್ಲೇಮ್‌ಗಳು, ಹಕ್ಕು ಇರುವುದು ಅಲ್ಲಿ ಮಾತ್ರ. ಮುಂಚಿನ ಪುಟಗಳ ವಿವರಣೆಯಲ್ಲಲ್ಲ. ಒಂದು ಕ್ಲೇಮ್‌ನಲ್ಲಿ ಐದು ಅಂಶಗಳಿದ್ದರೆ ಐದೂ ಸಾಧನದಲ್ಲಿ ಇರಬೇಕು. ನಾಲ್ಕೇ ಇದ್ದರೆ ಆ ಕ್ಲೇಮ್ ಅಕ್ಷರಶಃ ತಾಗುವುದಿಲ್ಲ. ಚಾರ್ಟ್‌ನ ಎಡಗಡೆ ಕ್ಲೇಮ್‌ನ ಅಂಶ, ಬಲಗಡೆ ಸ್ಟ್ಯಾಂಡರ್ಡ್‌ನ ಯಾವ ಆವೃತ್ತಿಯ ಯಾವ ಕಲಮು ಎಂದು ಇರಬೇಕು. ಬಲಗಡೆ ಬರೀ ಜಾಹೀರಾತಿನ ವಾಕ್ಯಗಳಿದ್ದರೆ ಅದು ಚಾರ್ಟ್ ಅಲ್ಲ. ಪೇಟೆಂಟ್ ಯಾವ ದೇಶದ್ದು, ನವೀಕರಣ ಶುಲ್ಕ ಕಟ್ಟಿ ಜೀವಂತ ಇಟ್ಟಿದ್ದಾರೆಯೇ, ಅರ್ಜಿ ಹಾಕಿದ ದಿನದಿಂದ 20 ವರ್ಷ ಮುಗಿದಿದೆಯೇ ಎಂದೂ ನೋಡಬೇಕು.

‘ಅತ್ಯಗತ್ಯ’ ಎಂಬ ಹಣೆಪಟ್ಟಿಯನ್ನೂ ಹಾಗೇ ನಂಬಬೇಕಿಲ್ಲ. ದೂರಸಂಪರ್ಕ ಸ್ಟ್ಯಾಂಡರ್ಡ್‌ಗಳನ್ನು ರೂಪಿಸುವ ಯುರೋಪಿನ ಎಟ್ಸಿ ಸಂಸ್ಥೆಯ ಪಟ್ಟಿಯಲ್ಲಿರುವುದು ಪೇಟೆಂಟ್‌ದಾರರು ತಾವೇ ಮಾಡಿಕೊಂಡ ಘೋಷಣೆ. ಅದು ನಿಜವೇ ಎಂದು ಆ ಸಂಸ್ಥೆ ತಪಾಸಣೆ ಮಾಡುವುದಿಲ್ಲ. ಜೊತೆಗೆ ಸ್ಟ್ಯಾಂಡರ್ಡ್‌ನಲ್ಲಿ ಕಡ್ಡಾಯ ಭಾಗಗಳಿರುವಂತೆ ಐಚ್ಛಿಕ ಭಾಗಗಳೂ ಇರುತ್ತವೆ. ವೈಫೈನ ಒಂದು ಆವೃತ್ತಿಯಾದ 802.11ಎನ್‌ನಲ್ಲಿ ಎಲ್‌ಡಿಪಿಸಿ ಎಂಬ ದೋಷ ತಿದ್ದುವ ಸಂಕೇತ ಐಚ್ಛಿಕ. ಒಂದೇ ಆಂಟೆನಾದ ಅಗ್ಗದ ಮಾಡ್ಯೂಲ್ ಏಕಕಾಲಕ್ಕೆ ಹಲವು ದತ್ತಾಂಶ ಧಾರೆಗಳನ್ನು ಕಳಿಸಲಾರದು, ಹಾಗಾಗಿ ಅಂಥ ಕ್ಲೇಮ್ ಅದಕ್ಕೆ ತಾಗದು. ಫುಜಿತ್ಸು–ನೆಟ್‌ಗಿಯರ್ ಪ್ರಕರಣದಲ್ಲಿ, 2010ರಲ್ಲಿ, ಇದೇ ತಿರುವು ಕೊಟ್ಟಿತು. ಸಂದೇಶವನ್ನು ತುಂಡುಮಾಡಿ ಕಳಿಸುವ ಸೌಲಭ್ಯ ಸಾಧನದಲ್ಲಿತ್ತು, ಆದರೆ ಕಾರ್ಖಾನೆಯಿಂದ ಬರುವಾಗ ಆಫ್ ಆಗಿರುತ್ತಿತ್ತು. ಸೌಲಭ್ಯ ಇದೆ ಎಂದಷ್ಟೇ ತೋರಿಸಿದರೆ ಸಾಲದು, ಯಾರಾದರೂ ಅದನ್ನು ಆನ್ ಮಾಡಿದ್ದಾರೆಂದು ತೋರಿಸಬೇಕು ಎಂದಿತು ಕೋರ್ಟು. ಕೊನೆಗೆ ಸಾಕ್ಷಿ ಸಿಕ್ಕಿದ್ದು ಗ್ರಾಹಕ ಸೇವೆಯ ದಾಖಲೆಗಳಲ್ಲಿ, ಅದೂ ನಾಲ್ಕು ಮಾದರಿಗಳಿಗೆ ಮಾತ್ರ. ಚಿಪ್ ತಯಾರಕರಿಂದ ‘ಯಾವ ಐಚ್ಛಿಕ ಸೌಲಭ್ಯ ಇದೆ, ಡೀಫಾಲ್ಟ್ ಆಗಿ ಯಾವುದು ಆನ್’ ಎಂಬ ಪಟ್ಟಿಯನ್ನು ಖರೀದಿಯ ದಿನವೇ ಬರೆಸಿಕೊಳ್ಳಿ ಎನ್ನುವುದು ಇದಕ್ಕೇ.

ಖರೀದಿ ಕಾಗದಗಳಲ್ಲಿ ಇನ್ನೆರಡು ಸಂಗತಿ ಅಡಗಿರುತ್ತವೆ. ಚಿಪ್ ಮಾರಿದವರಿಗೆ ಆ ಪೇಟೆಂಟ್‌ಗೆ ಲೈಸೆನ್ಸ್ ಇದ್ದರೆ, ಅಧಿಕೃತ ಮಾರಾಟದೊಂದಿಗೆ ಪೇಟೆಂಟ್‌ನ ಹಕ್ಕು ಮುಗಿದುಹೋಗುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 2008ರಲ್ಲಿ ಕ್ವಾಂಟಾ–ಎಲ್‌ಜಿ ತೀರ್ಪಿನಲ್ಲಿ ಇದನ್ನು ಗಟ್ಟಿ ಮಾಡಿತು. ಆದ್ದರಿಂದ ಬಿಲ್ಲು ಅಧಿಕೃತ ವಿತರಕರದ್ದೇ ಆಗಿರಬೇಕು. ಎರಡನೆಯದು, ದಾವೆ ಬಂದರೆ ಖರ್ಚು ಪೂರೈಕೆದಾರರು ಹೊರುತ್ತಾರೆಂಬ ಷರತ್ತು. ಅದರ ಬಾಲದಲ್ಲಿ ‘ಬೇರೆ ಬಿಡಿಭಾಗಗಳೊಂದಿಗೆ ಸೇರಿಸಿದ್ದರಿಂದ ಆದ ಉಲ್ಲಂಘನೆಗೆ ನಾವು ಹೊಣೆಯಲ್ಲ’ ಎಂದಿರುತ್ತದೆ. ವೈರ್‌ಲೆಸ್ ಚಿಪ್ ಆಂಟೆನಾ, ಪ್ರೊಸೆಸರ್ ಇಲ್ಲದೆ ಕೆಲಸವೇ ಮಾಡದು, ಅಂದಮೇಲೆ ಆ ಒಂದು ಸಾಲು ಇಡೀ ಷರತ್ತನ್ನು ನುಂಗಿಬಿಡುತ್ತದೆ. ನೋಟಿಸ್ ಬಂದ ಎಷ್ಟು ದಿನದೊಳಗೆ ಪೂರೈಕೆದಾರರಿಗೆ ತಿಳಿಸಬೇಕು ಎಂಬ ಗಡುವೂ ಅಲ್ಲೇ ಇರುತ್ತದೆ. ಅದು ಮೀರಿದರೆ ಕೇಳುವವರಿಲ್ಲ.

ಪೇಟೆಂಟನ್ನೇ ಪ್ರಶ್ನಿಸುವ ದಾರಿಗೂ ಗಡುವಿದೆ. ಅಮೆರಿಕದ ಪೇಟೆಂಟ್ ಕಚೇರಿಯ ಮುಂದೆ 2012ರಿಂದ ಇರುವ ಮರುಪರಿಶೀಲನೆಗೆ ದಾವೆಯ ಪ್ರತಿ ಕೈಸೇರಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಭಾರತದಲ್ಲಿ ಅದೇ ದಾವೆಯಲ್ಲಿ ಪ್ರತಿದಾವೆ ಹೂಡಿ ರದ್ದತಿ ಕೇಳಬಹುದು. ಆ ವಿಚಾರ ಪೇಟೆಂಟ್‌ಗೂ ಮುಂಚೆಯೇ ಗೊತ್ತಿತ್ತು ಎಂಬ ಹಳೆಯ ಪುರಾವೆ ಹುಡುಕಲು 3ಜಿಪಿಪಿ ಸಭೆಗಳಿಗೆ ಕಂಪನಿಗಳು ಸಲ್ಲಿಸಿದ ದಿನಾಂಕಸಹಿತ ಟಿಪ್ಪಣಿಗಳಿಗಿಂತ ಒಳ್ಳೆಯ ಜಾಗ ಅಪರೂಪ.

ಕೋರ್ಟು ಎಲ್ಲಿಯದು ಎನ್ನುವುದರ ಮೇಲೂ ದರದ ಚೌಕಾಸಿ ನಿಂತಿದೆ. ಬ್ಲ್ಯಾಕ್‌ಬೆರಿ ತಯಾರಕರು ಸೇವೆಯೇ ನಿಂತುಹೋಗುವ ಭಯದಲ್ಲಿ 2006ರ ಮಾರ್ಚ್‌ನಲ್ಲಿ ಪೇಟೆಂಟ್ ಕಂಪನಿ ಎನ್‌ಟಿಪಿಗೆ 61.25 ಕೋಟಿ ಡಾಲರ್ ಕೊಟ್ಟರು, ಆಗ ಆ ಪೇಟೆಂಟ್‌ಗಳ ಮರುಪರೀಕ್ಷೆ (2012ಕ್ಕೂ ಮುಂಚಿನ ಬೇರೆ ವಿಧಾನ) ಇನ್ನೂ ನಡೆಯುತ್ತಿತ್ತು. ಎರಡೇ ತಿಂಗಳಲ್ಲಿ, ಇಬೇ ಪ್ರಕರಣದಲ್ಲಿ, ತಡೆಯಾಜ್ಞೆ ತಾನೇ ತಾನಾಗಿ ಸಿಗುವಂಥದ್ದಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಜರ್ಮನಿಯಲ್ಲಿ ಉಲ್ಲಂಘನೆಯನ್ನು ಒಂದು ಕೋರ್ಟು, ಪೇಟೆಂಟ್‌ನ ಸಿಂಧುತ್ವವನ್ನು ಇನ್ನೊಂದು ಕೋರ್ಟು ನೋಡುವುದರಿಂದ ತಡೆ ಮೊದಲು ಬಂದು, ಪೇಟೆಂಟ್ ಸರಿಯಿತ್ತೇ ಎಂಬುದು ಆಮೇಲೆ ತೀರ್ಮಾನವಾಗುವುದುಂಟು. ನೋಕಿಯಾ ಜೊತೆಗಿನ ವ್ಯಾಜ್ಯದಲ್ಲಿ ಒಪ್ಪೊ 2022ರಲ್ಲಿ ಅಲ್ಲಿ ಮಾರಾಟ ನಿಲ್ಲಿಸಬೇಕಾಯಿತು. ಇದೇ ಜೋಡಿಯ ಜಗಳದಲ್ಲಿ ದೆಹಲಿ ಹೈಕೋರ್ಟ್ 2023ರ ಜುಲೈನಲ್ಲಿ ಹಿಡಿದ ದಾರಿ ಬೇರೆ: ಹಿಂದಿನ ಲೈಸೆನ್ಸ್‌ನಲ್ಲಿ ಕೊಟ್ಟಿದ್ದ ಮೊತ್ತದ 23% ಠೇವಣಿ ಇಡಿ ಎಂದಿತು. 2024ರ ಮಾರ್ಚ್‌ನಲ್ಲಿ ಎರಿಕ್ಸನ್‌ಗೆ ಲಾವಾ 244 ಕೋಟಿ ರೂಪಾಯಿ ಕೊಡಬೇಕೆಂದು ಅದೇ ಹೈಕೋರ್ಟ್ ತೀರ್ಪಿತ್ತಾಗ ಲೆಕ್ಕ ಕಟ್ಟಿದ್ದು ಫೋನಿನ ಮಾರಾಟ ಬೆಲೆಯ 1.05%ರಂತೆ, ಚಿಪ್‌ನ ಮೇಲಲ್ಲ. 244 ಕೋಟಿ ಎಂಬ ಅಂಕಿ ಎಲ್ಲ ಕಡೆ ಅಚ್ಚಾಯಿತು. ಚರ್ಚೆ ಆಗಬೇಕಾದದ್ದು ಆ 1.05ರ ಬಗ್ಗೆ.

ತಮ್ಮಲ್ಲಿ ಕೋರಿಕೆ ಇಷ್ಟೇ. ಇಂಥ ಸುದ್ದಿ ಬಂದಾಗ ಪೇಟೆಂಟ್‌ನ ಸಂಖ್ಯೆ, ಕೇಳಿರುವ ದರ, ಆ ದರ ಚಿಪ್‌ನ ಮೇಲೋ ಇಡೀ ಸಾಧನದ ಮೇಲೋ, ಪ್ರಕರಣ ಯಾವ ಹಂತದಲ್ಲಿದೆ ಎಂಬ ನಾಲ್ಕು ವಿವರ ಹಾಕಿಸಿ; ಮೇಲ್ಮನವಿಯಲ್ಲಿ ಅದು ಬಿದ್ದುಹೋದರೆ ಮೊದಲ ಸುದ್ದಿ ಬಂದ ಪುಟದಲ್ಲೇ ಅದನ್ನೂ ಪ್ರಕಟಿಸಿ. ‘ಕದ್ದ’ ಎಂಬ ಪದವನ್ನು ದಯವಿಟ್ಟು ಕೈಬಿಡಿ.

ಇತಿ,
ತಮ್ಮ ಪತ್ರಿಕೆಯ ಓದುಗ