ಎಂಟು ಫ್ರೇಮ್‌ಗಳ ಋಣ

ನಿನ್ನೆ ಸಂಜೆ ನಮ್ಮ ಮ್ಯೂಸಿಕ್ ವಿಡಿಯೊ ಮೊದಲ ಸಲ ದೊಡ್ಡ ಪರದೆ ಮೇಲೆ ಓಡಿತು. 2 ನಿಮಿಷ 48 ಸೆಕೆಂಡ್. ಮುಗಿದ ಮೇಲೆ ಜನ ಬಂದು ನನ್ನ ಕೈ ಕುಲುಕಿದರು. ನಿರ್ದೇಶನ ಅಂತ ಪರದೆ ಮೇಲೆ ಬಂದದ್ದು ನನ್ನ ಹೆಸರು, ಅದಕ್ಕೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಕೊನೆಯಲ್ಲಿ ಹರಿದುಹೋಗುವ ಹೆಸರುಗಳಲ್ಲಿ ಒಬ್ಬೊಬ್ಬರಿಗೆ ಸಿಕ್ಕಿದ್ದು ಒಂದೆರಡು ಸೆಕೆಂಡ್ ಅಷ್ಟೇ. ಅವರು ಮಾಡಿದ್ದು ಏನು ಅಂತ ಅಷ್ಟರಲ್ಲಿ ಯಾರಿಗೆ ಗೊತ್ತಾಗುತ್ತೆ? ಅದಕ್ಕೇ ಕೂತು ಬರೆಯುತ್ತಿದ್ದೇನೆ. ಹೆಸರುಗಳು ವಿಡಿಯೊದಲ್ಲಿ ಇದ್ದೇ ಇವೆ, ಇಲ್ಲಿ ಅವರವರ ಕೆಲಸದಿಂದಲೇ ಕರೆಯುತ್ತೇನೆ.

ಮೊದಲು ಎಡಿಟರ್. ಅವಳಿಂದ ಶುರು ಮಾಡದಿದ್ದರೆ ಈ ಬರಹಕ್ಕೆ ಅರ್ಥವೇ ಇಲ್ಲ.

ಹಾಡಿನ ವೇಗ 180 ಬಿಪಿಎಂ, ಅಂದರೆ ನಿಮಿಷಕ್ಕೆ 180 ಬೀಟ್. ಇದು ಪಾಪ್ ಪಂಕ್, ವೇಗದ ಗಿಟಾರು ಮತ್ತು ಸಲೀಸಾಗಿ ಹಾಡಿಕೊಳ್ಳಬಹುದಾದ ರಾಗ ಇರುವ ರಾಕ್ ಸಂಗೀತ; ಕೇಳುವವರಿಗೆ ಈ ವೇಗ ಹೊಸದಲ್ಲ, ಈ ಬಗೆಯ ಎಷ್ಟೋ ಹಾಡುಗಳು ಹೀಗೇ ಓಡುತ್ತವೆ. ಅಂದರೆ ಸೆಕೆಂಡಿಗೆ ಮೂರು ಬೀಟ್. ನಮ್ಮ ಕ್ಯಾಮೆರಾ ಸೆಕೆಂಡಿಗೆ 24 ಫ್ರೇಮ್ ಹಿಡಿಯುತ್ತಿತ್ತು. ಹಾಗಾದರೆ ಒಂದು ಬೀಟ್‌ಗೆ ಸರಿಯಾಗಿ 8 ಫ್ರೇಮ್. ಈ ಲೆಕ್ಕ ಹಾಕಿದ್ದು ಅವಳು, ಅದೂ ಶೂಟಿಂಗ್‌ಗೆ ಎರಡು ವಾರ ಮುಂಚೆ. ಒಂದು ಉದ್ದನೆ ಹಾಳೆಯಲ್ಲಿ ಹಾಡಿನ 126 ಬಾರ್‌ಗಳನ್ನೂ (ನಾಲ್ಕು ಬೀಟ್ ಸೇರಿದರೆ ಒಂದು ಬಾರ್) ಗೆರೆ ಎಳೆದು ಬರೆದಿದ್ದಳು. ಎಲ್ಲಿ ಗಿಟಾರ್ ನಿಲ್ಲುತ್ತೆ, ಎಲ್ಲಿ ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ಎಲ್ಲಿ ಡ್ರಮ್ಸ್ ಒಂದೇ ಉಳಿಯುತ್ತೆ, ಎಲ್ಲಾ ಅದರಲ್ಲಿತ್ತು. ನಮ್ಮ ಶಾಟ್ ಲಿಸ್ಟ್ ಹುಟ್ಟಿದ್ದು ಆ ಹಾಳೆಯಿಂದ. ನಾನು ಚೆನ್ನಾಗಿ ಕಾಣುವ ಶಾಟ್‌ಗಳನ್ನು ಯೋಚಿಸುತ್ತಿದ್ದೆ. ಆ ಶಾಟ್ ಎಷ್ಟು ಹೊತ್ತು ಪರದೆ ಮೇಲೆ ನಿಲ್ಲಬಲ್ಲದು ಅಂತ ಯೋಚಿಸಿದ್ದು ಅವಳು.

ಈಗ ಶೂಟಿಂಗಿನ ಮೊದಲ ದಿನದ ವಿಷಯ. ಬ್ಯಾಂಡಿನವರಿಗೂ ನಮ್ಮ ತಂಡಕ್ಕೂ ಮಾತ್ರ ಗೊತ್ತಿದ್ದದ್ದು, ಇಲ್ಲಿ ಎಲ್ಲರ ಮುಂದೆ ಹೇಳಿಬಿಡುತ್ತೇನೆ. ತಪ್ಪು ನನ್ನದು.

ಮ್ಯೂಸಿಕ್ ವಿಡಿಯೊ ಶೂಟಿಂಗ್‌ನಲ್ಲಿ ಬ್ಯಾಂಡ್ ನುಡಿಸುವ ಸದ್ದನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ರೆಕಾರ್ಡ್ ಆದ ಹಾಡನ್ನು ಸ್ಪೀಕರ್‌ನಲ್ಲಿ ಹಾಕುತ್ತೇವೆ, ಅವರು ಅದಕ್ಕೆ ಸರಿಯಾಗಿ ಹಾಡಿ ನುಡಿಸುತ್ತಾರೆ. ಆಮೇಲೆ ಎಡಿಟ್‌ನಲ್ಲಿ ಪ್ರತಿ ಟೇಕನ್ನೂ ಅದೇ ಹಾಡಿನ ಕೆಳಗೆ ಕೂರಿಸಿದರೆ ತುಟಿ, ಕೈ ಎಲ್ಲಾ ಹೊಂದುತ್ತವೆ. ಹಾಡು ಒಂದೇ ಆಗಿದ್ದರೆ ಮಾತ್ರ. ನಾನು ಹಾಕಿದ್ದು ಹಳೇ ಡೆಮೊ, ಅಂದರೆ ಹಾಡಿನ ಕಚ್ಚಾ ರೆಕಾರ್ಡಿಂಗ್. ಎರಡು ಫೈಲ್‌ಗಳಿಗೂ ಹೆಚ್ಚುಕಮ್ಮಿ ಒಂದೇ ಹೆಸರಿತ್ತು. ವೇಗ ತಪ್ಪದ ಹಾಗೆ ಕಿವಿಯಲ್ಲಿ ಟಿಕ್ ಟಿಕ್ ಅನ್ನುವ ಕ್ಲಿಕ್ ಟ್ರ್ಯಾಕ್ ಇಲ್ಲದೆ ರೆಕಾರ್ಡ್ ಮಾಡಿದ್ದ ಡೆಮೊ ಅದು. ಚರಣದಲ್ಲಿ ಸ್ವಲ್ಪ ನಿಧಾನ, ಪಲ್ಲವಿಯಲ್ಲಿ ಸ್ವಲ್ಪ ಜೋರು. ಒಟ್ಟು ಉದ್ದ 2 ನಿಮಿಷ 52 ಸೆಕೆಂಡ್. ಸೆಟ್‌ನಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಇಡೀ ದಿನ ಶೂಟ್ ಮಾಡಿದೆವು. ಬ್ಯಾಂಡಿನ ನಾಲ್ವರೂ ಬೆವರಿನಲ್ಲಿ ತೊಯ್ದು ಹೋಗಿದ್ದರು.

ಎಡಿಟರ್ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. "ಮೊದಲ ನಾಲ್ಕು ಸಾಲು ಕೂರುತ್ತೆ ಕಣೋ, ಆಮೇಲೆ ಜಾರುತ್ತೆ" ಅಂದಳು. ಕಾರಣ ಏನು ಅಂತ ನನಗೆ ಆ ಕ್ಷಣಕ್ಕೇ ಹೊಳೆಯಿತು. ಕಾಲು ನಡುಗಿತು. ಡೆಮೊದ ವೇಗ ಒಂದೇ ಸಮ ಇದ್ದಿದ್ದರೆ ಚಿತ್ರವನ್ನು ಎರಡು ಪರ್ಸೆಂಟ್ ಚೂರು ಜೋರು ಮಾಡಿ ಹೇಗೋ ಉಳಿಸಬಹುದಿತ್ತು. ಅದು ಬಾರ್‌ನಿಂದ ಬಾರ್‌ಗೆ ಬದಲಾಗುತ್ತಿತ್ತು. ಹಾಡುಗಾರನ ಮುಖ ಇರುವ ಒಂದು ಉದ್ದ ಶಾಟೂ ಕೆಲಸಕ್ಕೆ ಬರುವ ಹಾಗಿರಲಿಲ್ಲ.

ಅವಳು ಬೈಯಲಿಲ್ಲ. ಮಾರನೇ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಆ ಇಡೀ ದಿನದ ಫುಟೇಜ್ ನೋಡಿ ಮುಗಿಸಿ, ತುಟಿ ಕಾಣದ ತುಣುಕುಗಳನ್ನೆಲ್ಲ ಬೇರೆ ತೆಗೆದಿಟ್ಟಿದ್ದಳು. ನೆಲಕ್ಕೆ ತಾಳ ಹಾಕುವ ಶೂ, ತಂತಿ ಮೇಲೆ ಓಡುವ ಬೆರಳು, ಹಾರಿದ ಕೂದಲು, ತಿರುಗಿದ ಬೆನ್ನು. ಒಂದು ತುಣುಕು ಒಂದು ಸೆಕೆಂಡಿಗಿಂತ ಕಮ್ಮಿ ಇದ್ದರೆ ಜಾರುವಷ್ಟು ಹೊತ್ತೇ ಅದಕ್ಕೆ ಸಿಗುವುದಿಲ್ಲ. ಅಂಥವು 43 ಸಿಕ್ಕಿದವು. ನಿನ್ನೆ ಜನ ಜಾಸ್ತಿ ಹೊಗಳಿದ್ದು ಆ ಪುಟ್ಟ ಪುಟ್ಟ ಕ್ಲೋಸಪ್‌ಗಳನ್ನು. ಅವು ಬಂದದ್ದು ಹಾಳಾದ ದಿನದಿಂದ, ಅವಳ ಒಂದು ರಾತ್ರಿಯ ನಿದ್ದೆಯಿಂದ.

ಬ್ಯಾಂಡಿನವರಿಗೆ ನಾನೇ ಹೋಗಿ ಹೇಳಿದೆ. ಮಾತು ಮುಗಿಸುವ ತನಕ ನಾಲ್ವರೂ ಸುಮ್ಮನಿದ್ದರು. ಆಮೇಲೆ ಬಾಸ್ ನುಡಿಸುವವಳು ಕೇಳಿದ್ದು ಇಷ್ಟೇ: "ಮತ್ತೆ ಯಾವತ್ತು ಬರಬೇಕು?" ಈ ಮಾತನ್ನು ನಾನು ಬದುಕಿರುವ ತನಕ ಮರೆಯಲ್ಲ. ಅವರಿಗೂ ಪರೀಕ್ಷೆ ಇತ್ತು, ಅವರಿಗೂ ಬೇರೆ ಕೆಲಸ ಇತ್ತು. ಒಬ್ಬರೂ ಮುಖ ಸಣ್ಣ ಮಾಡಲಿಲ್ಲ.

ಎರಡನೇ ಶೂಟಿಂಗ್‌ನಲ್ಲಿ ಅತಿ ಹೆಚ್ಚು ಕಷ್ಟಪಟ್ಟದ್ದು ಡ್ರಮ್ಮರ್. ಹಾಡುಗಾರ ಬಾಯಿ ಆಡಿಸಿದರೆ ಸಾಕು, ಗಿಟಾರಿನ ಕೇಬಲ್ ಅದರ ಸದ್ದು ಹೆಚ್ಚಿಸುವ ಆಂಪ್‌ನ ಹಿಂದೆ ಸುಮ್ನೆ ಸಿಕ್ಕಿಸಿದ್ದರೂ ನಡೆಯುತ್ತೆ. ಡ್ರಮ್ಮರ್ ನಟಿಸೋಕಾಗಲ್ಲ. ನಿಜವಾಗಿ ಹೊಡೆಯದಿದ್ದರೆ ಕೋಲು ಮೇಲಕ್ಕೆ ಪುಟಿಯುವುದಿಲ್ಲ, ಸಿಂಬಲ್ ತಟ್ಟೆ ಓಲಾಡುವುದಿಲ್ಲ, ನೋಡುವವರಿಗೆ ತಕ್ಷಣ ಸುಳ್ಳು ಅನ್ನಿಸುತ್ತೆ. ನಿಜವಾಗಿ ಹೊಡೆದರೆ ಸ್ಪೀಕರ್‌ನ ಹಾಡು ಯಾರಿಗೂ ಕೇಳಿಸುವುದಿಲ್ಲ. ನಮ್ಮ ಡ್ರಮ್ಮರ್ ತಾನೇ ದಾರಿ ಹುಡುಕಿದ. ಡ್ರಮ್‌ಗಳ ಒಳಗೆ ಟವೆಲ್ ತುರುಕಿದ, ಸಿಂಬಲ್‌ಗಳ ಅಡಿಗೆ ಕ್ಯಾಮೆರಾಗೆ ಕಾಣದ ಹಾಗೆ ಸ್ಪಂಜು ಅಂಟಿಸಿದ, ತನ್ನ ಕಿವಿಗೆ ಒಂದು ಇಯರ್‌ಫೋನ್ ಹಾಕಿ ಕೂದಲಿನಿಂದ ಮುಚ್ಚಿಕೊಂಡ. ಆಮೇಲೆ ಪೂರ್ತಿ ಹಾಡನ್ನು, ಪೂರ್ತಿ ಬಲದಲ್ಲಿ, 19 ಸಲ ನುಡಿಸಿದ. ದೂರದ ಶಾಟ್, ಪಕ್ಕದ ಶಾಟ್, ಹಾಡುಗಾರನ ಕ್ಲೋಸಪ್‌ನ ಹಿಂದೆ ಮಸುಕಾಗಿ ಕಾಣುವ ಶಾಟ್. ಆ ಮಸುಕಿನಲ್ಲಿ ಕೂಡ ಅವನು ಕೈ ಸಡಿಲ ಬಿಡಲಿಲ್ಲ. ಕೊನೆಗೆ ಬೆರಳಿಗೆ ಟೇಪ್ ಸುತ್ತಿಕೊಂಡಿದ್ದ. ನಾನು ಸಾಕು ಅಂದಾಗ, "ಇನ್ನೊಂದು ತಗೋ, ಈ ಸಲ ಫಿಲ್ ಚೆನ್ನಾಗಿ ಬರುತ್ತೆ" ಅಂದ. ಫಿಲ್ ಅಂದರೆ ಹಾಡನ್ನು ಒಂದು ಭಾಗದಿಂದ ಇನ್ನೊಂದಕ್ಕೆ ದಾಟಿಸುವ ಡ್ರಮ್ಸ್ ತುಣುಕು. ವಿಡಿಯೊದಲ್ಲಿ ಕೊನೆ ಪಲ್ಲವಿಗೆ ಮುಂಚೆ ಇರುವುದು ಆ ಹತ್ತೊಂಬತ್ತನೇ ಟೇಕ್.

ಹಾಡುಗಾರನಿಗೆ ಬೇರೆಯದೇ ಪರೀಕ್ಷೆ. ಬ್ರಿಜ್‌ನಲ್ಲಿ, ಅಂದರೆ ಹಾಡು ಬೇರೆ ದಾರಿ ಹಿಡಿಯುವ ನಡುವಿನ ಭಾಗದಲ್ಲಿ, ಎಲ್ಲವೂ ನಿಧಾನವಾಗಿ ತೇಲಬೇಕು, ಆದರೆ ಅವನ ತುಟಿ ಮಾತ್ರ ಹಾಡಿಗೆ ಸರಿಯಾಗಿರಬೇಕು ಅಂತ ನನ್ನ ಆಸೆ. ಇದಕ್ಕೆ ಹಳೇ ಉಪಾಯ ಒಂದಿದೆ. ಸೆಕೆಂಡಿಗೆ 48 ಫ್ರೇಮ್‌ನಲ್ಲಿ ಹಿಡಿಯುವುದು, ಸೆಟ್‌ನಲ್ಲಿ ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕುವುದು. 24ರಲ್ಲಿ ಓಡಿಸಿದಾಗ ಮೈಕೈ ನಿಧಾನ, ತುಟಿ ಸರಿ. ನಮ್ಮ ಬ್ರಿಜ್ ಹಾಫ್ ಟೈಮ್‌ನಲ್ಲಿ ಇತ್ತು, ಅಂದರೆ ತಾಳ ಅರ್ಧ ವೇಗದಲ್ಲಿ, 90ರ ಹಾಗೆ ಕೇಳಿಸುತ್ತೆ. ಎರಡರಷ್ಟು ಮಾಡಿದರೆ ಹಾಡಿನ ಉಳಿದ ಭಾಗದ ವೇಗವೇ ಬರುತ್ತೆ. ಡ್ರಮ್ಸ್‌ಗೆ ಸಲೀಸು. ಪದಗಳಿಗೆ ಅಲ್ಲ. ಅವನು ಒಂದು ವಾರ ಆ ಎಂಟು ಸಾಲುಗಳನ್ನು ಎರಡರಷ್ಟು ವೇಗದಲ್ಲಿ ಹಾಡಿ ಹಾಡಿ ಬಾಯಿಪಾಠ ಮಾಡಿದ. ಬಸ್ಸಿನಲ್ಲಿ, ಮೆಟ್ಟಿಲ ಮೇಲೆ, ಕ್ಲಾಸಿನ ನಡುವೆ. ಮೂರನೇ ಟೇಕಿಗೆ ಓಕೆ ಆಯಿತು. ಆ ಬ್ರಿಜ್ ನೋಡಿ ನಿನ್ನೆ ಸಭೆಯಲ್ಲಿ ಒಬ್ಬರು ಕಣ್ಣು ಒರೆಸಿಕೊಂಡರು. ಆ ತೇಲುವ ಮುಖದ ಹಿಂದೆ ಏದುಸಿರು ಇತ್ತು ಅಂತ ಅವರಿಗೆ ಗೊತ್ತಾಗಲಿ.

ಕ್ಯಾಮೆರಾ ಅಸಿಸ್ಟೆಂಟ್‌ಗೆ ಒಂದು ವಿಶೇಷ ಸಲಾಂ. ನಾವು ಶೂಟ್ ಮಾಡಿದ ಶೆಡ್ಡಿನ ಟ್ಯೂಬ್‌ಲೈಟ್‌ಗಳನ್ನು ಹಾಗೇ ಇಟ್ಟುಕೊಂಡು ಶೂಟ್ ಮಾಡಬೇಕು ಅಂತ ಹಟ ಮಾಡಿದ್ದು ನಾನು. ಆ ಮಂಕು ಬೆಳಕೇ ಈ ಹಾಡಿಗೆ ಸರಿ ಅನ್ನಿಸಿತ್ತು, ಈಗಲೂ ಅನ್ನಿಸುತ್ತೆ. ಮಾನಿಟರ್‌ನಲ್ಲಿ ಬೆಳಕು ಅಲೆ ಅಲೆಯಾಗಿ ಮಿಡಿಯುವುದನ್ನು ಮೊದಲು ಕಂಡದ್ದು ಅವನು. 50 ಹರ್ಟ್ಜ್ ಕರೆಂಟಿನಲ್ಲಿ ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿಡಿಯುತ್ತೆ. ನಮ್ಮ ಶಟರ್, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ 48ರಲ್ಲಿ ಒಂದು ಭಾಗಕ್ಕೆ ಇತ್ತು, ಎರಡೂ ಹೊಂದುತ್ತಿರಲಿಲ್ಲ. ಅವನು ಅದನ್ನು 50ರಲ್ಲಿ ಒಂದಕ್ಕೆ, ಅಂದರೆ ಸರಿಯಾಗಿ ಎರಡು ಮಿಡಿತದಷ್ಟಕ್ಕೆ, ತಂದ. ಅಲೆ ನಿಂತುಹೋಯಿತು. ಎರಡು ನಿಮಿಷದ ಕೆಲಸ. ಅವನ ಕಣ್ಣಿಗೆ ಬೀಳದಿದ್ದರೆ ಇನ್ನೊಂದು ದಿನ ಹೋಗುತ್ತಿತ್ತು.

ನಮ್ಮ ಪ್ರೊಡ್ಯೂಸರ್ ಬಗ್ಗೆ ಬರೆಯೋಕೆ ಹೊರಟರೆ ಪುಟ ಸಾಲದು. ಅವಳು ಪರದೆ ಮೇಲೆ ಒಂದು ಕ್ಷಣವೂ ಕಾಣುವುದಿಲ್ಲ, ಯಾವ ಶಾಟನ್ನೂ ಆರಿಸಲಿಲ್ಲ. ಆದರೆ ಎಲ್ಲರ ಪರೀಕ್ಷೆ ದಿನಾಂಕ ಅವಳಿಗೆ ಗೊತ್ತಿತ್ತು. ಯಾರು ಎಷ್ಟು ಗಂಟೆಗೆ ಬರಬೇಕು, ಯಾವ ಶಾಟ್ ಮೊದಲು, ಪ್ಯಾಕಪ್ ಎಷ್ಟಕ್ಕೆ ಅಂತ ಹಿಂದಿನ ಸಂಜೆಯೇ ಎಲ್ಲರಿಗೂ ಕಳಿಸುತ್ತಿದ್ದಳು. ನಾಲ್ವರೂ ಒಟ್ಟಿಗೆ ಹಾರುವ ಶಾಟಿಗೆ ಮುಂಚೆ ನೆಲದ ಕೇಬಲ್‌ಗಳನ್ನೆಲ್ಲ ಮಂಡಿಯೂರಿ ಕೂತು ಟೇಪ್ ಹಾಕಿದಳು. ಟೇಪ್ ಹಾಕದೆ ಯಾರೂ ಹಾರುವಂತಿಲ್ಲ ಅಂದಳು. ನನಗೆ ಆಗ ಹೊತ್ತು ಹೋಗುತ್ತಿದೆ ಅಂತ ಸಿಟ್ಟು ಬಂದಿತ್ತು. ಆ ಶಾಟಿನಲ್ಲಿ ಬಾಸ್ ನುಡಿಸುವವಳು ಹಾರಿ ಇಳಿದ ಜಾಗ ನೋಡಿ, ಸರಿಯಾಗಿ ಕೇಬಲ್ ಮೇಲೆ. ಅದು ಅಂಟಿಕೊಂಡಿದ್ದರಿಂದ ಅವಳ ಕಾಲು ಉಳಿಯಿತು. ಅಕ್ಕಾ, ಆವತ್ತಿನ ನನ್ನ ದನಿಗೆ ಕ್ಷಮೆ ಇರಲಿ.

ಹಾಡು ಬ್ಯಾಂಡಿನವರದ್ದೇ ತಾನೇ, ಅನುಮತಿ ಯಾಕೆ ಅಂತ ನಾವು ಕೇಳಿದಾಗಲೂ ಅವಳು ಬಿಡಲಿಲ್ಲ. ಹಾಡು ಬರೆದವರ ಹಕ್ಕು ಒಂದು, ರೆಕಾರ್ಡಿಂಗಿನ ಹಕ್ಕು ಇನ್ನೊಂದು. ಎರಡಕ್ಕೂ ಸಹಿ ತಂದಳು. ಚಿತ್ರದಲ್ಲಿ ಮುಖ ಕಾಣುವ ಪ್ರತಿಯೊಬ್ಬರದ್ದೂ ತಂದಳು. ಫುಟೇಜನ್ನು ಮೂರು ಕಡೆ ಕಾಪಿ ಮಾಡಿ, ಒಂದನ್ನು ತನ್ನ ಮನೆಯಲ್ಲಿಟ್ಟಳು.

ಇನ್ನು ನಮ್ಮ ನಟಿ. ಮನೆ ಬಿಟ್ಟು ಹೊರಡುವ ಹುಡುಗಿಯ ಕಥೆ ಹಾಡಿನ ನಡುನಡುವೆ ಬರಬೇಕಿತ್ತು. ಪೆಟ್ಟಿಗೆ ತುಂಬುವ ಒಂದು ದೃಶ್ಯಕ್ಕೆ ಅವಳು ಅರ್ಧ ರಾತ್ರಿ ಕೊಟ್ಟಿದ್ದಳು. ಅಷ್ಟು ಚೆನ್ನಾಗಿ ಮಾಡಿದ್ದಳು, ಕ್ಯಾಮೆರಾ ಹಿಂದೆ ಯಾರೂ ಮಾತಾಡಲಿಲ್ಲ. ಆದರೆ ಎಡಿಟ್‌ನಲ್ಲಿ ಅದು ಬಂದಾಗೆಲ್ಲ ಹಾಡು ನಿಂತ ಹಾಗೆ ಅನ್ನಿಸಿತು. ನಮಗೆ ಕಲಿಸುವ ಮೇಡಂ ರಫ್ ಕಟ್ಟನ್ನು, ಅಂದರೆ ಎಡಿಟ್‌ನ ಮೊದಲ ಕಚ್ಚಾ ರೂಪವನ್ನು, ಸದ್ದು ಪೂರ್ತಿ ನಿಲ್ಲಿಸಿ ನೋಡಿದರು. "ಸದ್ದಿಲ್ಲದೆಯೂ ಇದು ಕುಣಿಯಬೇಕು. ಎಲ್ಲಿ ಕುಣಿಯಲ್ಲ ನೀವೇ ಹೇಳಿ" ಅಂದರು. ಎಲ್ಲರ ಬೆರಳೂ ಒಂದೇ ಜಾಗಕ್ಕೆ ಹೋಯಿತು. ಆ ದೃಶ್ಯದಲ್ಲಿ ಉಳಿದದ್ದು 9 ಸೆಕೆಂಡ್. ಹೇಳೋಕೆ ಹೋದಾಗ ಅವಳು, "ಆ 9 ಸೆಕೆಂಡ್ ಯಾವುದು, ತೋರಿಸು" ಅಂದಳು. ನೋಡಿ ತಲೆಯಾಡಿಸಿದಳು. ನಿನ್ನೆ ಮೊದಲ ಚಪ್ಪಾಳೆ ಅವಳದ್ದು. ನೀನು ಮಾಡಿದ ಪೂರ್ತಿ ದೃಶ್ಯ ನಾನು ನೋಡಿದ್ದೇನೆ. ಅದು ಎಲ್ಲೂ ಹೋಗಿಲ್ಲ.

ಮೇಡಂಗೆ ಏನು ಹೇಳಲಿ? ನಮ್ಮ ಹತ್ತಿರ ಲೈಟ್ ಇಲ್ಲ, ಟ್ರಾಲಿ ಇಲ್ಲ ಅಂತ ಕೈಚೆಲ್ಲಿ ಕೂತಿದ್ದಾಗ ಅವರು ಗಿಲ್ಮನ್ ಸ್ಟ್ರೀಟ್ ಕ್ಲಬ್ಬಿನ ಕಥೆ ಹೇಳಿದರು. ಅಮೆರಿಕದ ಬರ್ಕ್ಲಿಯಲ್ಲಿ 1986ರ ಡಿಸೆಂಬರ್ 31ಕ್ಕೆ ಶುರುವಾದ ಜಾಗ. ಅದನ್ನು ನಡೆಸುತ್ತಾ ಬಂದವರು ಸ್ವಯಂಸೇವಕರು. ಗ್ರೀನ್ ಡೇ ಅನ್ನುವ ಪಾಪ್ ಪಂಕ್ ಬ್ಯಾಂಡ್ ದೊಡ್ಡ ಹೆಸರಾಗುವ ಮುಂಚೆ ನುಡಿಸುತ್ತಿದ್ದದ್ದು ಅಲ್ಲೇ. ಈ ಸಂಗೀತ ಬೆಳೆದದ್ದು ಇರುವುದನ್ನೇ ಹಿಡಿದು ಕೆಲಸ ಮಾಡಿದವರ ನಡುವೆ, ನಿಮ್ಮ ವಿಡಿಯೊ ಯಾಕೆ ಬೇರೆ ಥರ ಇರಬೇಕು ಅಂತ ಕೇಳಿದರು. ಮಾರನೇ ದಿನ ನಾವು ಚಕ್ರದ ಕುರ್ಚಿ ಮೇಲೆ ಕ್ಯಾಮೆರಾಮನ್‌ನನ್ನು ಕೂರಿಸಿ ತಳ್ಳಿದೆವು. ಮೊದಲ ಪಲ್ಲವಿಯಲ್ಲಿ ಬ್ಯಾಂಡನ್ನು ಸುತ್ತಿ ಬರುವ ಶಾಟ್ ಅದೇ. ತಳ್ಳಿದ ಇಬ್ಬರು ಜೂನಿಯರ್‌ಗಳಿಗೆ ದೊಡ್ಡ ಥ್ಯಾಂಕ್ಸ್. ನಿಮ್ಮ ಹೆಜ್ಜೆ ಒಂದು ಸಲವೂ ತಪ್ಪಲಿಲ್ಲ.

ಶೆಡ್ ಕೊಟ್ಟ ಅಂಕಲ್‌ಗೆ, ಎರಡು ದಿನ ಆ ಗಲಾಟೆ ಸಹಿಸಿದ ಅಕ್ಕಪಕ್ಕದವರಿಗೆ, ರಾತ್ರಿ ತಡವಾಗಿ ಬಂದಾಗಲೂ ಬಾಗಿಲು ತೆಗೆದ ನಮ್ಮೆಲ್ಲರ ಅಮ್ಮಂದಿರಿಗೆ ನಮಸ್ಕಾರ. ಅಂಕಲ್, ನೆಲದ ಮೇಲಿನ ಟೇಪ್ ಗುರುತುಗಳನ್ನು ತೆಗೆಯೋಕೆ ಭಾನುವಾರ ನಾಲ್ಕು ಜನ ಬರುತ್ತೇವೆ. ಕೀಲಿಯನ್ನೂ ಆವತ್ತೇ ಕೊಡುತ್ತೇನೆ.

ಬ್ಯಾಂಡಿನವರಿಗೆ ಒಂದು ಮಾತು. ಬಳಸದೆ ಉಳಿದ ಟೇಕ್‌ಗಳೆಲ್ಲ ಪ್ರೊಡ್ಯೂಸರ್ ಹತ್ತಿರ ಇವೆ, ಯಾವಾಗ ಬೇಕಾದರೂ ಬಂದು ತಗೊಳ್ಳಿ. ಡ್ರಮ್ಮರ್‌ನ 19 ಟೇಕ್‌ಗಳನ್ನೂ ಎಡಿಟರ್ ಬೇರೆ ಫೋಲ್ಡರ್‌ನಲ್ಲಿ ಜೋಡಿಸಿದ್ದಾಳೆ. ಒಂದರ ಪಕ್ಕ ಒಂದು ಇಟ್ಟು ಒಟ್ಟಿಗೆ ಓಡಿಸಿದೆವು. ಹತ್ತೊಂಬತ್ತು ಕೈಗಳೂ ಒಂದೇ ಫ್ರೇಮಿನಲ್ಲಿ ಕೆಳಗಿಳಿಯುತ್ತವೆ.